ಗೃಹಾಚಾರ ವಿಚಾರ: ಸಂಕಲ್ಪವೆಂದರೇನು?

ಈ ತಿಂಗಳು ನಮಗೆ ಬಂದ ಪತ್ರಗಳಲ್ಲಿ ಒಂದನ್ನು ವಾಚಕರ ಮುಂದಿಡಬೇಕೆಂದು ತೋರುತ್ತದೆ. ಬರೆದವರು ವಯಸ್ಸಾದ ಓರ್ವ ಗೃಹಿಣಿ. ಅಮೆರಿಕದಲ್ಲಿ ಉದ್ಯೋಗದಲ್ಲಿರುವ ಮಗನ ಮನೆಯಲ್ಲಿ ಈಗ ವಾಸವಾಗಿದ್ದಾರೆ. ಅವರಿರುವ ಊರಿನಲ್ಲಿ ಪುರೋಹಿತರು ದೊರೆಯುವುದು ಕಷ್ಟವಾದುದರಿಂದ, ಗಣೇಶನ ಹಬ್ಬದ ದಿನ ಮೊಬೈಲಿನಲ್ಲಿ ಪೂಜಾವಿಧಿಯ ಧ್ವನಿಮುದ್ರಣವನ್ನು ಹಾಕಿ, ಅದು ಹೇಳಿದಂತೆಲ್ಲ ಹೂವು ಅಕ್ಷತೆಗಳನ್ನು ಏರಿಸಿದರಂತೆ. “ಪೂಜೆಯೇನೋ ನಡೆಯಿತು. ಆದರೆ ಸಂಕಲ್ಪವನ್ನು ಹೇಳಿದುದು ಯಂತ್ರ; ನಾವು ಸುಮ್ಮನೆ ಕುಳಿತಿದ್ದೆವು. ಅದು ಸಂಕಲ್ಪವಾದೀತೆ? ಅಲ್ಲದೆ, ಗೋದಾವರಿ ಇಲ್ಲೆಲ್ಲಿದೆ ಅಜ್ಜಿ ಎಂದು ಮೊಮ್ಮಗ ಕೇಳಿದ. ನನಗೆ ಉತ್ತರ ತೋಚಲಿಲ್ಲ” ಎಂದು ಬರೆದಿದ್ದಾರೆ.

ಈ ಪ್ರಶ್ನೆ ಪರದೇಶದಲ್ಲಿರುವವರದು ಮಾತ್ರವೆಂದು ಭಾವಿಸಬೇಕಾಗಿಲ್ಲ. ನಮ್ಮ ಊರುಗಳಲ್ಲಿಯೂ ಪುರೋಹಿತರು ಒಂದೇ ಉಸಿರಿನಲ್ಲಿ ಸಂಕಲ್ಪವನ್ನು ಹೇಳಿ ಮುಗಿಸುತ್ತಿರಲು, ಮನೆಯವರು ಹಾಲು ಉಕ್ಕೀತೆಂದು ಅಡುಗೆಮನೆಯ ಕಡೆಗೋ, ಯಾರು ಬಂದರೆಂದು ಬಾಗಿಲ ಕಡೆಗೋ ನೋಡುತ್ತಿರುವುದುಂಟಷ್ಟೆ. ಆದಕಾರಣ ಸಂಕಲ್ಪದ ಅರ್ಥವೇನು, ಅದನ್ನು ಹೇಳಬೇಕಾದವರು ಯಾರು ಎಂಬುದನ್ನು ಸ್ವಲ್ಪ ವಿಚಾರಮಾಡೋಣ.

‘ಸಮ್’ ಎಂಬ ಉಪಸರ್ಗದೊಡನೆ ‘ಕ್ಲೃಪ್’ ಎಂಬ ಧಾತು ಸೇರಿ ಈ ಶಬ್ದವಾಗಿದೆ. ಆ ಧಾತುವಿಗೆ ಸಮರ್ಥವಾಗುವುದು, ಸಿದ್ಧವಾಗುವುದು ಎಂದರ್ಥ. ಚದರಿದ ಮನಸ್ಸು ಒಂದುಗೂಡಿ ಒಂದು ಕಾರ್ಯಕ್ಕೆ ಸಿದ್ಧವಾಗುವುದೇ ಸಂಕಲ್ಪ. ಯಜ್ಞಗಳು ಹುಟ್ಟುವುದೇ ಸಂಕಲ್ಪದಿಂದ ಎಂಬ ಅಭಿಪ್ರಾಯವು ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿದೆ. ಶುಕ್ಲಯಜುರ್ವೇದದ ೩೪ನೆಯ ಅಧ್ಯಾಯದ ಮೊದಲ ಆರು ಮಂತ್ರಗಳಿಗೆ ಶಿವಸಂಕಲ್ಪವೆಂದೇ ಹೆಸರು. ನನ್ನ ಮನಸ್ಸು ಶುಭವಾದುದನ್ನೇ ಸಂಕಲ್ಪಿಸಲಿ ಎಂಬುದು ಅವುಗಳ ಪ್ರಾರ್ಥನೆ. ಹೀಗೆ ಸಂಕಲ್ಪವು ಮೊದಲು ಮನಸ್ಸಿನ ಕಾರ್ಯ. ಬಾಯಿಯ ಮಾತು ಅದರ ಪ್ರಕಟನೆ. ಉದ್ಧರಣೆಯಿಂದ ನೀರನ್ನು ಹಾಕಿ ಅಕ್ಷತೆಯೊಡನೆ ಹರಿವಾಣದೊಳಗೆ ಬಿಡುವುದು ಆ ಮಾತಿಗೆ ಒತ್ತುವ ಮುದ್ರೆ.

ಇನ್ನು ಮಾತಿನ ರಚನೆಯನ್ನು ನೋಡೋಣ. ಎಷ್ಟು ಉದ್ದವಾಗಿ ಕೇಳಿದರೂ ಸಂಕಲ್ಪವು ಒಂದೇ ವಾಕ್ಯ. ಅದರಲ್ಲಿ ಮೊದಲು ಕಾಲ, ಬಳಿಕ ದೇಶ, ಪುನಃ ಕಾಲ, ಬಳಿಕ ಮಾಡುವವನ ಪರಿಚಯ, ಉದ್ದೇಶ, ಕಡೆಯಲ್ಲಿ ಕ್ರಿಯಾಪದ, ಈ ಕ್ರಮವಿರುತ್ತದೆ. ಕಾಲದೇಶಗಳನ್ನು ಹೇಳುವ ಪದಗಳೆಲ್ಲವೂ ಸಪ್ತಮೀ ವಿಭಕ್ತಿಯಲ್ಲಿವೆ. ‘ಇದರಲ್ಲಿ, ಇದರಲ್ಲಿ’ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತ ಬರುತ್ತವೆ. ಅಂಚೆಯ ವಿಳಾಸದಲ್ಲಿ ದೇಶ, ಪ್ರಾಂತ, ಊರು, ಬೀದಿ, ಮನೆ ಇರುವಂತೆಯೇ ಇದೂ ಒಂದು ವಿಳಾಸ; ಆದರೆ ಇದು ಹೊರಡುವುದು ಬ್ರಹ್ಮನ ಆಯುಸ್ಸಿನಿಂದ.

ಆ ಲೆಕ್ಕವನ್ನು ಮಕ್ಕಳಿಗೂ ಹೇಳಿಕೊಡಬಹುದು. ಪುರಾಣಗಳ ಗಣನೆಯಂತೆ ಕೃತಯುಗಕ್ಕೆ ೧೭,೨೮,೦೦೦, ತ್ರೇತೆಗೆ ೧೨,೯೬,೦೦೦, ದ್ವಾಪರಕ್ಕೆ ೮,೬೪,೦೦೦, ಕಲಿಗೆ ೪,೩೨,೦೦೦ ವರ್ಷಗಳು. ಒಟ್ಟು ೪೩,೨೦,೦೦೦ ವರ್ಷಗಳಿಗೆ ಒಂದು ಮಹಾಯುಗ. ಅಂಥ ಸಾವಿರ ಮಹಾಯುಗಗಳು, ಎಂದರೆ ೪೩೨ ಕೋಟಿ ವರ್ಷಗಳು, ಬ್ರಹ್ಮನ ಒಂದು ಹಗಲು. ಅದಕ್ಕೆ ಕಲ್ಪವೆಂದು ಹೆಸರು. ಒಂದು ಕಲ್ಪದಲ್ಲಿ ಹದಿನಾಲ್ವರು ಮನುಗಳು, ಒಬ್ಬೊಬ್ಬನಿಗೆ ೭೧ ಮಹಾಯುಗಗಳು. ಗುಣಿಸಿದರೆ ೯೯೪ ಆಗುತ್ತದೆಯಲ್ಲ, ಉಳಿದ ಆರೆಲ್ಲಿ ಎಂದು ಚುರುಕಾದ ಹುಡುಗನು ಕೇಳದೆ ಬಿಡನು. ಮನ್ವಂತರಗಳ ಆದಿಯಲ್ಲಿಯೂ ಸಂಧಿಗಳಲ್ಲಿಯೂ ಬರುವ ಹದಿನೈದು ಸಂಧ್ಯಾಕಾಲಗಳಿಗೆ ಒಂದೊಂದು ಕೃತಯುಗದಷ್ಟು ವರ್ಷಗಳನ್ನು ಕೊಟ್ಟರೆ ಆ ಆರು ಸರಿಹೊಂದುತ್ತವೆ. ಬ್ರಹ್ಮನ ನೂರು ವರ್ಷಗಳಲ್ಲಿ ಐವತ್ತು ಕಳೆದಿರುವುದರಿಂದ ‘ದ್ವಿತೀಯಪರಾರ್ಧ’. ಇಂದಿನ ಹಗಲು ‘ಶ್ವೇತವರಾಹಕಲ್ಪ’. ಈಗಿನ ಮನು ಏಳನೆಯವನಾದ ವೈವಸ್ವತ. ಅವನ ೨೮ನೆಯ ಮಹಾಯುಗದ ಕಲಿಯುಗದಲ್ಲಿ ಪ್ರಥಮಪಾದ. ಒಂದು ಪಾದಕ್ಕೆ ೧,೦೮,೦೦೦ ವರ್ಷಗಳು. ಕಳೆದಿರುವುದು ಐದು ಸಾವಿರಕ್ಕೆ ಸ್ವಲ್ಪ ಹೆಚ್ಚು ಮಾತ್ರ.

ಕಲಿಯುಗದ ಆರಂಭವನ್ನು ಕ್ರಿಸ್ತಪೂರ್ವ ೩೧೦೨ ಎಂದು ಗಣಿಸುವುದು ರೂಢಿ. ಕಲಿಯ ೩೬೦೦ ವರ್ಷಗಳು ಕಳೆದಾಗ ತನಗೆ ೨೩ ವರ್ಷವೆಂದು ಆರ್ಯಭಟನು ಹೇಳಿಕೊಂಡುದರಿಂದಲೇ ಆತನ ಕಾಲವು, ಎಂದರೆ ಆ ವರ್ಷವು ಕ್ರಿ.ಶ. ೪೯೯ ಎಂಬುದು, ನಮಗೆ ತಿಳಿದಿದೆ. ನಮ್ಮ ನಾಡಿನಲ್ಲಿಯೇ ಐಹೊಳೆಯ ಮೇಗುತಿ ಜಿನಾಲಯದ ಗೋಡೆಯ ಮೇಲೆ, ಇಮ್ಮಡಿ ಪುಲಿಕೇಶಿಯ ಕಾಲದಲ್ಲಿ ರವಿಕೀರ್ತಿಯು ಬರೆಯಿಸಿದ ಶಾಸನದಲ್ಲಿ, ಭಾರತಯುದ್ಧದಿಂದ ೩೭೩೫ ವರ್ಷಗಳೂ ಶಕವರ್ಷ ೫೫೬ ಕೂಡ ಸಂದವೆಂದು ಕೆತ್ತಿದೆ, ಅದು ಕ್ರಿ.ಶ. ೬೩೪. ರವಿಕೀರ್ತಿಯು ಜೈನನು. ಮತಭೇದವೆಣಿಸದೆ ಈ ನಾಡಿನವರು ತಾವು ಕೈಗೊಂಡ ಕಾರ್ಯವನ್ನು ಇದೇ ಕಾಲಗಣನೆಯೊಳಗೆ ನಿಲ್ಲಿಸಿ ಹೇಳುತ್ತಿದ್ದರೆಂಬುದಕ್ಕೆ ಆ ಕಲ್ಲೇ ಸಾಕ್ಷಿ. ಸಂಕಲ್ಪದಲ್ಲಿ ಬರುವ ಶಾಲಿವಾಹನಶಕವು ಇದೇ ಶಕ. ಯುಗಾದಿ ಕಳೆದ ಮೇಲೆ ಕ್ರಿಸ್ತಶಕದ ವರ್ಷದಿಂದ ೭೮ನ್ನು ಕಳೆದರೆ ಅದು ದೊರೆಯುತ್ತದೆ.

ಅನಂತರ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರಗಳು. ಪ್ರಭವದಿಂದ ಅಕ್ಷಯದವರೆಗೆ ಸಂವತ್ಸರಗಳು ಅರವತ್ತು. ೧೯೮೭ರ ಯುಗಾದಿಯಂದು ಆರಂಭವಾದ ಚಕ್ರದಲ್ಲಿ ೨೦೨೫ರ ಯುಗಾದಿಗೆ ಬಂದ ವಿಶ್ವಾವಸು ೩೯ನೆಯದು. ಚಂದ್ರನು ಸೂರ್ಯನಿಂದ ೧೨ ಅಂಶಗಳಷ್ಟು ಮುಂದೆ ಸರಿಯುವ ಕಾಲವೇ ಒಂದು ತಿಥಿ. ಕೋಟಿಗಳಿಂದ ಹೊರಟ ಮಾತು ಇಲ್ಲಿ ಈ ದಿನದ ಬೆಳಗಿಗೆ ಬಂದು ನಿಲ್ಲುತ್ತದೆ.

ದೇಶವನ್ನು ಹೇಳುವಾಗ ಜಂಬೂದ್ವೀಪ, ಭರತವರ್ಷ, ಭರತಖಂಡ ಎಂದು ಇಳಿದು, ಕನ್ನಡ ನಾಡಿನ ಬಹುಭಾಗದಲ್ಲಿ ದಂಡಕಾರಣ್ಯ, ಗೋದಾವರಿಯ ದಕ್ಷಿಣತೀರ ಎಂದು ಹೇಳುವ ವಾಡಿಕೆ. ಪಡುವಣ ಕರಾವಳಿಯಲ್ಲಿ ಪರಶುರಾಮಕ್ಷೇತ್ರವೆಂದೂ ಹೇಳುವುದುಂಟು. ಊರು ಬೇರೆಯಾದರೆ ಪದವೂ ಬೇರೆ. ನಾವು ನಿಂತ ನೆಲವನ್ನು ಸತ್ಯವಾಗಿ ಹೇಳಬೇಕೆಂಬುದೇ ಇದರ ತಾತ್ಪರ್ಯ. ಆದ್ದರಿಂದಲೇ ಅಮೆರಿಕದಲ್ಲಿ ನೆಲಸಿದ ಅನೇಕರು ಅಲ್ಲಿಯ ಸಂಕಲ್ಪದಲ್ಲಿ ಜಂಬೂದ್ವೀಪದ ಬದಲು ಕ್ರೌಂಚದ್ವೀಪವೆಂದು ಹೇಳಿ, ತಮ್ಮ ಊರನ್ನು ಸೇರಿಸಿಕೊಳ್ಳುವ ಪದ್ಧತಿಯನ್ನು ಇಟ್ಟುಕೊಂಡಿದ್ದಾರೆ. ನಮ್ಮ ಸೋದರಿಯವರು ಮೊಮ್ಮಗನಿಗೆ, “ಗೋದಾವರಿ ನಮ್ಮ ಹಿರಿಯರು ಕುಳಿತು ಹೇಳುತ್ತಿದ್ದ ನೆಲದ ಗುರುತು, ಮಗು. ನಮ್ಮ ಮನೆಯ ಹತ್ತಿರ ಹರಿಯುವ ಹೊಳೆಯ ಹೆಸರೇನು? ಅದನ್ನು ಹೇಳು” ಎನ್ನಬಹುದು. ತಿಥಿಯನ್ನೂ ಅವರು ತಾವಿರುವ ಊರಿನ ಸೂರ್ಯೋದಯಕ್ಕೆ ಗಣಿಸಿದ ಪಂಚಾಂಗದಿಂದಲೇ ತೆಗೆದುಕೊಳ್ಳುವುದು ಯುಕ್ತ.

ಈಗ ಮುಖ್ಯ ವಿಷಯಕ್ಕೆ ಬರೋಣ. ಇಷ್ಟೆಲ್ಲ ಸಪ್ತಮ್ಯಂತ ಪದಗಳು ಸಾಲಾಗಿ ಬಂದು ಯಾವ ಕ್ರಿಯೆಗಾಗಿ ಕಾದಿರುತ್ತವೆ? ‘ಕರಿಷ್ಯೇ’ ಎಂಬ ಒಂದೇ ಕ್ರಿಯಾಪದಕ್ಕಾಗಿ. ಅದು ಉತ್ತಮಪುರುಷ, ಏಕವಚನ, ಭವಿಷ್ಯತ್ಕಾಲ: ‘ನಾನು ಮಾಡುವೆನು’. ಅದರಲ್ಲಿಯೂ ಅದು ‘ಕರಿಷ್ಯಾಮಿ’ ಅಲ್ಲ, ‘ಕರಿಷ್ಯೇ’. ಈ ಧಾತುವಿಗೆ ಎರಡು ರೂಪಗಳೂ ಉಂಟು. ಕ್ರಿಯೆಯ ಫಲವು ಮಾಡುವವನಿಗೇ ಸೇರುವುದಾದರೆ ಆತ್ಮನೇಪದವನ್ನೂ, ಅನ್ಯರಿಗೆ ಸೇರುವುದಾದರೆ ಪರಸ್ಮೈಪದವನ್ನೂ ಬಳಸಬೇಕೆಂದು ಪಾಣಿನಿಯ ನಿಯಮ. ಯಾಗವನ್ನು ತನಗಾಗಿ ಮಾಡುವವನ ವಿಷಯದಲ್ಲಿ ‘ಯಜತೇ’ ಎನ್ನಬೇಕು. ದಕ್ಷಿಣೆ ಪಡೆದು ಅವನಿಗಾಗಿ ನಡೆಸಿಕೊಡುವ ಋತ್ವಿಜರ ವಿಷಯದಲ್ಲಿ ‘ಯಜಂತಿ’ ಎನ್ನಬೇಕು. ನಾವು ದಿನವೂ ಬಳಸುವ ‘ಯಜಮಾನ’ ಎಂಬ ಮಾತು ಈ ಆತ್ಮನೇಪದದಿಂದಲೇ ಹುಟ್ಟಿದುದು. ಯಾಗವನ್ನು ತಾನೇ, ತನಗಾಗಿ, ಮಾಡುವವನು ಎಂದು ಅದರ ಅರ್ಥ. ಕನ್ನಡದಲ್ಲಿ ಮನೆಯ ಹಿರಿಯನಿಗೆ ಆ ಹೆಸರು ನಿಂತಿದೆ. ಯಜಮಾನಿಕೆಯು ಮೂಲದಲ್ಲಿ ಅಪ್ಪಣೆ ಕೊಡುವ ಅಧಿಕಾರವಾಗಿರಲಿಲ್ಲ, ಮಾಡುವ ಹೊಣೆಯಾಗಿತ್ತು ಎಂಬುದನ್ನು ನಮ್ಮ ಮನೆಗಳ ಯಜಮಾನರು ಮನಗಾಣುವುದು ಒಳ್ಳೆಯದು. ವರಮಹಾಲಕ್ಷ್ಮೀ ವ್ರತ, ಸ್ವರ್ಣಗೌರೀ ವ್ರತಗಳಲ್ಲಿ ಸಂಕಲ್ಪಮಾಡುವ ಗೃಹಿಣಿಯು ಇದೇ ಅರ್ಥದಲ್ಲಿ ಯಜಮಾನಳೇ ಆಗಿದ್ದಾಳೆ.

ಪುರೋಹಿತರು ಹೇಳಿಕೊಡಬಹುದು, ಯಂತ್ರವು ನೆನಪಿಸಬಹುದು; ಆದರೆ ‘ನಾನು ಮಾಡುವೆನು’ ಎಂಬುದನ್ನು ಒಬ್ಬರ ಪರವಾಗಿ ಮತ್ತೊಬ್ಬರು ಹೇಳಿದರೆ ವಾಕ್ಯದ ಕರ್ತೃವೇ ಬೇರೆಯಾಗುತ್ತಾನೆ. ಯಂತ್ರದಲ್ಲಂತೂ ‘ನಾನು’ ಎನ್ನುವವರೇ ಇಲ್ಲ. ಆದುದರಿಂದ ನಮ್ಮ ಸೋದರಿಯವರಿಗೆ ನಮ್ಮ ಉತ್ತರವಿಷ್ಟೆ: ಪೂಜೆಯ ಉಳಿದ ಮಂತ್ರಗಳನ್ನು ಬೇಕಾದರೆ ಧ್ವನಿಮುದ್ರಣದಿಂದ ಕೇಳಿರಿ, ಸಂಕಲ್ಪದ ಸ್ಥಳದಲ್ಲಿ ಅದನ್ನು ನಿಲ್ಲಿಸಿ, ನಿಮ್ಮ ಬಾಯಿಂದಲೇ ಹೇಳಿರಿ. ಸಂಸ್ಕೃತವು ಬಾರದಿದ್ದರೆ ಕನ್ನಡದಲ್ಲಿ, ಇಂಥ ಸಂವತ್ಸರದ ಇಂಥ ದಿನ, ಇಂಥ ಊರಿನಲ್ಲಿ, ಇಂಥ ಹೆಸರಿನ ನಾನು, ಮನೆಮಂದಿಯೆಲ್ಲರ ಕ್ಷೇಮಕ್ಕಾಗಿ, ದೇವರ ಪ್ರೀತಿಗಾಗಿ, ಈ ಪೂಜೆಯನ್ನು ಮಾಡುವೆನು ಎನ್ನಿರಿ. ಮನಸ್ಸು ಅದರಲ್ಲಿದ್ದರೆ ಅದು ಸಂಕಲ್ಪವೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಸಂಕಲ್ಪದ ಮತ್ತೊಂದು ಅಂಶವನ್ನು ಬಡವರೂ ಭಯಸ್ಥರೂ ವಿಶೇಷವಾಗಿ ಗಮನಿಸತಕ್ಕದ್ದು. ಅದರಲ್ಲಿ ‘ಯಥಾಶಕ್ತಿ’ ಎಂಬ ಮಾತು ಬರುತ್ತದೆ. ದೊರೆತ ದ್ರವ್ಯಗಳಿಂದ, ಸಾಧ್ಯವಾದ ನಿಯಮದಿಂದ ಎಂಬರ್ಥದ ಪದಗಳೂ ಹಲವು ಪಾಠಗಳಲ್ಲಿವೆ. ಬೆಳ್ಳಿಯ ಕಲಶವಿಲ್ಲ, ಇಪ್ಪತ್ತೊಂದು ಬಗೆಯ ಪತ್ರೆ ಸಿಗಲಿಲ್ಲ, ಹೋಳಿಗೆ ಮಾಡಲಾಗಲಿಲ್ಲ, ಏನು ಕೇಡು ಬರುವುದೋ ಎಂದು ಕೊರಗುವ ತಾಯಂದಿರು ಎಷ್ಟೋ ಮಂದಿ. ಸಾಲಮಾಡಿ ವ್ರತಮಾಡುವವರೂ ಉಂಟು. ಆಗದುದನ್ನು ಮಾಡುವೆನೆಂದು ನೀವು ಎಲ್ಲಿಯೂ ಮಾತು ಕೊಟ್ಟಿಲ್ಲ, ತಾಯಿ. ಶಕ್ತಿಯಿದ್ದಷ್ಟು ಮಾಡುವೆನೆಂದೇ ನೀವು ಅಕ್ಷತೆಯನ್ನು ಕೈಯಲ್ಲಿ ಹಿಡಿದು ನುಡಿದಿರಿ. ಅಷ್ಟನ್ನು ಮಾಡಿದರೆ ನುಡಿದುದು ಸಂದಿತು. ಅರ್ಥ ತಿಳಿಯದೆ ಕೇಳಿದವರಿಗೆ ಮಾತ್ರ ಈ ಸಮಾಧಾನ ತಪ್ಪಿಹೋಗುತ್ತದೆ. ಹಾಗೆಂದು ಯಥಾಶಕ್ತಿಯು ಸೋಮಾರಿತನಕ್ಕೆ ಕೊಟ್ಟ ಅಪ್ಪಣೆಯಲ್ಲ. ಶಕ್ತಿಯಿದ್ದೂ ಮಾಡದವನು ಅದೇ ಮಾತಿನಿಂದ ಸಿಕ್ಕಿಬೀಳುತ್ತಾನೆ.

ಪೂಜೆಯ ಕಡೆಯಲ್ಲಿ ಪುನಃ ನೀರನ್ನು ಬಿಟ್ಟು ‘ಕೃಷ್ಣಾರ್ಪಣಮಸ್ತು’ ಎನ್ನುತ್ತೇವೆ. ಮೊದಲಲ್ಲಿ ‘ಕರಿಷ್ಯೇ’ ಎಂದು ಫಲವನ್ನು ತನ್ನದಾಗಿ ಹೇಳಿಕೊಂಡವನೇ ಕಡೆಯಲ್ಲಿ ಅದನ್ನು ದೇವರಿಗೆ ಒಪ್ಪಿಸುತ್ತಾನೆ. ಇವೆರಡು ಪರಸ್ಪರ ವಿರುದ್ಧವಲ್ಲವೆ ಎಂದು ಕೆಲವರು ಕೇಳುವರು. ವಿರುದ್ಧವಲ್ಲ. ಹೊಣೆಯನ್ನು ತನ್ನದೆಂದು ಹೊತ್ತು ಮಾಡಿ ಮುಗಿಸಿದವನಲ್ಲಿ ಮಾತ್ರ ಒಪ್ಪಿಸುವುದಕ್ಕೆ ಏನಾದರೂ ಇರುತ್ತದೆ. ಬೇರೆಯವರ ಬಾಯಿಂದ ಆರಂಭಿಸಿದವನು ಏನನ್ನು ಒಪ್ಪಿಸಿಯಾನು?

ಮುಂದಿನ ಹಬ್ಬದ ಮುನ್ನಾದಿನ ಸಂಜೆ, ಮನೆಯ ಮಕ್ಕಳನ್ನು ಕೂರಿಸಿಕೊಂಡು, ಪಂಚಾಂಗವನ್ನು ತೆರೆದು, ನಾಳೆಯ ಸಂಕಲ್ಪದಲ್ಲಿ ಹೇಳಬೇಕಾದ ಸಂವತ್ಸರ ಮಾಸ ತಿಥಿಗಳನ್ನು ಅವರಿಂದಲೇ ಹುಡುಕಿಸಿ ಒಂದು ಕಾಗದದ ಮೇಲೆ ಬರೆಯಿಸಿರಿ. ಕಾಲು ಗಂಟೆಯ ಕೆಲಸ. ಮರುದಿನ ಅದನ್ನು ನೋಡಿಕೊಂಡು ನೀವು ಹೇಳುವಾಗ ಅವರೂ ಕಿವಿಗೊಟ್ಟು ಕೇಳುವರು. ಸಂಕಲ್ಪದ ಬಳಿಕ ಬರುವ ಷೋಡಶೋಪಚಾರಗಳ ವಿಷಯವನ್ನು ಮುಂದಿನ ಸಂಚಿಕೆಯಲ್ಲಿ ನೋಡೋಣ.