ತಲಿ ಮ್ಯಾಲೆ ನಾಣ್ಯ ಇಡಬ್ಯಾಡ್ರಿ

ಮೊನ್ನೆ ನಮ್ಮನಿಗೆ ಬಂದ ನೆಂಟರೊಬ್ರು ನಾನು ಮಾಡಿದ ರೆಕಾರ್ಡ್ ಪ್ಲೇಯರಿನ ಕೈ ನೋಡಿ, "ಭಾರಿ ಜುಗಾಡ್ ಮಾಡೀರಲ್ರೀ ಅಕ್ಕಾರ" ಅಂದ್ರು. ಹೊಗಳಿದ್ರು ಅಂತ ತಿಳದು ನಮ್ಮನಿಯವರು ನಕ್ಕರು. ನನಗ ಮಾತ್ರ ಮೈ ಉರೀತು. ಮನಿಗೆ ಬಂದೋರ ಜೊತಿ ಜಗಳ ಯಾಕ ಅಂತ ಚಾ ಕೊಟ್ಟು ಕಳಿಸಿದೆ. ಇಲ್ಲಿ ಬರಿಯಾಕ ಯಾರ ಹಂಗೂ ಇಲ್ಲ, ಬರೀತೀನಿ.

ಜುಗಾಡ್ ಅಂದ್ರ ಏನು ಗೊತ್ತೇನ್ರಿ? ಪ್ಲೇಟು ಹಾಡ್ತಾ ಹಾಡ್ತಾ ಮುಳ್ಳು ಜಿಗಿದ್ರ, ಕೈಯಿನ ತಲಿ ಮ್ಯಾಲೆ ಒಂದು ಎಂಟಾಣೆ ಇಡೋದು, ಅದು ಜುಗಾಡ್. ನಾನು ಸಣ್ಣಾಕಿ ಇದ್ದಾಗ ಪ್ಲೇಯರ್ ಇದ್ದ ಎಲ್ಲಾ ಮನಿಯಾಗೂ ಇದನ್ನ ಮಾಡ್ತಿದ್ರು. ನಮ್ಮಪ್ಪ ಒಬ್ರು ಮಾಡಾಕ ಬಿಡ್ತಿರಲಿಲ್ಲ. ಹರಿಹರದಾಗ ಲೇತ್ ಮ್ಯಾಲೆ ಕೆಲಸ ಮಾಡಿದ ಮನುಷ್ಯಾ ಅವರು. "ಜಿಗಿಯಾಕ ಹತ್ತೈತಿ ಅಂದ್ರ ಎಲ್ಲೋ ಹಿಡಕಂಡೈತಿ. ಹಿಡಕಂಡಿದ್ದನ್ನ ಬಿಡಸ್ರಿ, ಭಾರ ಹೇರಬ್ಯಾಡ್ರಿ" ಅಂತಿದ್ರು.

ಅಪ್ಪ ತೀರಿಕೊಂಡ ಮ್ಯಾಲೆ ಅವರ ರೆಕಾರ್ಡಿನ ಟ್ರಂಕು ನನ್ನ ಪಾಲಿಗೆ ಬಂತು. ಪಾಲಿಗೆ ಅನ್ನೋದಕ್ಕಿಂತ, ಬ್ಯಾರೆ ಯಾರಿಗೂ ಬ್ಯಾಡಾಗಿತ್ತು. ಪಿ. ಕಾಳಿಂಗರಾಯರದು, ಮಲ್ಲಿಕಾರ್ಜುನ ಮನ್ಸೂರರದು, ಗಂಗೂಬಾಯಿ ಹಾನಗಲ್ಲರದು, 'ಬಂಗಾರದ ಮನುಷ್ಯ'ದ ಹಾಡಿನದು, ಎಲ್ಲಾ ಸೇರಿ ನಲವತ್ತು ಚಿಲ್ಲರೆ. ಒಂದೊಂದರ ಕವರಿನ ಮೂಲಿಗೆ ಅಪ್ಪನ ಅಕ್ಷರದಾಗ ತಾರೀಖು, ಕೊಟ್ಟ ರೊಕ್ಕ. ಪ್ಲೇಯರಿನ ತಟ್ಟಿ ತಿರಗ್ತಿತ್ತು, ಮೋಟಾರ್ ಚಲೋ ಇತ್ತು. ಕೈ ಮಾತ್ರ ತುಕ್ಕು ಹಿಡದು ಗಟ್ಟಿಯಾಗಿ ಕುಂತಿತ್ತು, ಮುಳ್ಳಿನ ಡಬ್ಬಿ ಸತ್ತಿತ್ತು. ಆ ಕಾಲದ ಕ್ರಿಸ್ಟಲ್ ಪಿಕಪ್ ಅಂದ್ರ ಒಳಗ ಒಂದು ನಮೂನಿ ಉಪ್ಪು, ರೋಷಲ್ ಸಾಲ್ಟ್ ಅಂತಾರ. ಹಸಿ ಹವಾ ತಗಲಿ ತಗಲಿ ಅದು ವರ್ಷಗಳ ಮ್ಯಾಲೆ ಕೆಟ್ಟೇ ಹೋಗ್ತೈತಿ. ಮಳಿಗಾಲದಾಗ ಡಬ್ಬ್ಯಾಗಿನ ಉಪ್ಪು ಏನಾಗ್ತೈತಿ ನಮಗ ಯಾರೂ ಹೇಳಿಕೊಡಬೇಕಿಲ್ಲ.

ತಮ್ಮ ಬೆಂಗಳೂರಿನಾಗ ಅದಾನ. ಫೋನ್ ಮಾಡಿದ. "ಅಕ್ಕಾ, ಬಾರಿಸಾಕ ಬರಲ್ಲ ಅಂದಮ್ಯಾಲೆ ಇಟ್ಕಂಡು ಏನ್ಮಾಡ್ತಿ? ಇಲ್ಲೊಬ್ಬ ತಗೋತಾನ. ಕಾಫಿ ಅಂಗಡಿಯವ್ರು ಗ್ವಾಡಿಗೆ ಹಚ್ಚತಾರ, ಗಡಿಯಾರ ಮಾಡ್ತಾರ" ಅಂದ. ಗಡಿಯಾರ! ಮನ್ಸೂರರ ಪ್ಲೇಟಿನ ನಡುವ ತೂತು ಕೊರದು ಸೆಲ್ ಹಾಕಿ ಮುಳ್ಳು ತಿರುಗಿಸ್ತಾರಂತ. ಫೋನಿನಾಗ ಎಲ್ಲಾ ಹಾಡೂ ಸಿಗ್ತಾವು ಅನ್ನೋದು ಅವನ ಇನ್ನೊಂದು ಮಾತು. ಸಿಗ್ತಾವಪ್ಪಾ, ಇಲ್ಲ ಅನ್ನಲ್ಲ. ಅಪ್ಪನ ತಾರೀಖು ಸಿಗ್ತೈತೇನು?

ಮೊದಲು ದಾವಣಗೆರಿಯಾಗೇ ಒಬ್ಬ ರಿಪೇರಿಯವನಿಗೆ ತೋರಿಸಿದೆ. "ಷೋಕೇಸಿಗೆ ಇಡ್ರಮ್ಮಾ" ಅಂದ. ತಮ್ಮನ ಗೆಳೆಯ ಒಬ್ಬ, ದೊಡ್ಡ ಆಡಿಯೋ ಪಂಡಿತ, ಹೊರದೇಶದ ಕೈಯೇ ಬೇಕು, ಮೈಕ್ರಾನ್ ಲೆಕ್ಕದಾಗ ಬೇರಿಂಗು ಬೇಕು, ಮನಿಯಾಗ ಮಾಡೋ ಸಾಮಾನಲ್ಲ ಅದು ಅಂದ. ರೇಟು ಕೇಳಿದೆ. ನಮ್ಮ ಮನಿಯ ಎರಡು ತಿಂಗಳ ಖರ್ಚು. ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದಿ ಇಂಥೋರನ್ನ ನೋಡೇ ಹುಟ್ಟಿರಬೇಕು.

ನಾನು ಪಿಯುಸಿ ಸೈನ್ಸ್ ಓದಿದಾಕಿ, ಮುಂದ ಓದಸಲಿಲ್ಲ. ಆದ್ರ ಓದಿದ್ದನ್ನ ಮರತಿಲ್ಲ. ಈ ಕೈಯಿನ ಗುಟ್ಟು ಪಿಯುಸಿ ಲೆಕ್ಕಕ್ಕಿಂತ ದೊಡ್ಡದಲ್ಲ ಅಂತ ಕುಂತು ನೋಡಿದ ಮ್ಯಾಲೆ ತಿಳೀತು.

ವಿಷಯ ಇಷ್ಟ. ಪ್ಲೇಟು ಕೊರಿಯೋ ಮಷೀನಿನಾಗ ಮುಳ್ಳು ಅಂಚಿನಿಂದ ನಡುವಿಗೆ ನೆಟ್ಟಗ ಹೋಗ್ತೈತಿ. ಬಾರಿಸೋ ಕೈ ಹಂಗ ಹೋಗಲ್ಲ, ಒಂದು ಕಡಿ ಗೂಟಕ್ಕ ಕಟ್ಟಿದ ಎತ್ತಿನಂಗ ಸುತ್ತು ಹೊಡೀತೈತಿ. ಅದಕ್ಕ ಗೀರಿಗೂ ಮುಳ್ಳಿಗೂ ಓರೆ ಬರ್ತೈತಿ. ಓರೆ ಬಂದ್ರ ದನಿ ಒಡೀತೈತಿ, ಅದರಾಗೂ ಪ್ಲೇಟಿನ ಕೊನೀ ಹಾಡಿನಾಗ ಸ, ಶ ಎಲ್ಲಾ ಚರಚರ ಅಂತಾವು. ಇದಕ್ಕ ಉಪಾಯ ಏನಂದ್ರ, ತಲಿ ಸ್ವಲ್ಪ ಒಳಗ ತಿರುಗಿಸಬೇಕು, ಮುಳ್ಳು ನಡುವಿನ ಗೂಟ ದಾಟಿ ಸ್ವಲ್ಪ ಮುಂದ ಚಾಚಬೇಕು. 1924ರಾಗ ಪರ್ಸಿ ವಿಲ್ಸನ್ ಅನ್ನೋರು, 1938ರಾಗ ಲೋಫ್‌ಗ್ರೆನ್ ಅನ್ನೋರು, 1941ರಾಗ ಬೇರ್ವಾಲ್ಡ್ ಅನ್ನೋರು ಇದನ್ನ ಲೆಕ್ಕ ಹಾಕಿ ಬರದಿಟ್ಟಾರ. ಹರಿಹರದಾಗ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನಿ ಶುರುವಾಗಿದ್ದೂ ಅದೇ 1941ರಾಗ. ಒಂದಕ್ಕೊಂದು ಸಂಬಂಧ ಏನಿಲ್ಲ, ಆದ್ರ ಇಸವಿ ನೋಡಿ ನನಗ ಖುಷಿ ಆತು.

ಬೇರ್ವಾಲ್ಡ್ ಲೆಕ್ಕದಾಗ ಓರೆ ಪೂರ್ತಿ ಸೊನ್ನಿ ಆಗೋ ಜಾಗ ಎರಡು. ನಡುವಿನಿಂದ 66 ಮಿಲಿಮೀಟರಿಗೆ ಒಂದು, 121ಕ್ಕ ಇನ್ನೊಂದು. ನಾನು ಕೈಯಿನ ಉದ್ದ 230 ಮಿಲಿಮೀಟರ್ ಅಂತ ಹಿಡದೆ. 230ನ್ನ 230ರಿಂದ ಗುಣಿಸಿದ್ರ 52,900. 66ನ್ನ 121ರಿಂದ ಗುಣಿಸಿದ್ರ 7,986. ಕಳದ್ರ 44,914. ಅದರ ವರ್ಗಮೂಲ 212ಕ್ಕ ಕೂದಲಷ್ಟು ಕಮ್ಮಿ. ಅಂದ್ರ ನಡುವಿನ ಗೂಟದಿಂದ ಕೈಯಿನ ಕಂಬಕ್ಕ 212, ಮುಳ್ಳು ಮುಂದ ಚಾಚೋದು 18, ತಲಿ ತಿರುಗೋದು 24 ಡಿಗ್ರಿ. ಹಾಲಿನ ಲೆಕ್ಕ ಬರಿಯೋ ನೋಟ್‌ಬುಕ್ಕಿನ ಹಿಂದಿನ ಹಾಳ್ಯಾಗ ಹಾಕಿದ ಲೆಕ್ಕ ಇದು. ಮಗನ ಹಳೇ ಕಂಪಾಸ್ ಬಾಕ್ಸಿನ ಕೋನಮಾಪಕ ಸಾಕಾತು. ಪಂಡಿತರ ಮೈಕ್ರಾನ್ ಇಲ್ಲೆಲ್ಲೂ ಅಡ್ಡ ಬರಲಿಲ್ಲ.

ಕೈಗೆ ಒಣಗಿದ ಬಿದಿರಿನ ಸಣ್ಣ ಕೊಳವಿ. ಬಿದಿರು ಹಗುರ, ಬಾಗಲ್ಲ, ಬಡದ್ರ ಗುಂಯ್ ಅನ್ನಲ್ಲ. ತಲಿಗೆ ಕಿಟಕಿ ಚೌಕಟ್ಟಿನಾಗ ಉಳದ ತ್ಯಾಗದ ಚೂರು, ಅದರಾಗ ಅರ್ಧ ಇಂಚು ಅಂತರದಾಗ ಎರಡು ತೂತು. ಕ್ಯಾಟ್ರಿಜ್ಜಿನ ಸ್ಕ್ರೂ ಎಲ್ಲಾ ಅಷ್ಟ ಅಂತರಕ್ಕ ಇರ್ತಾವು. ಬೇರಿಂಗ್ ಅಂದ್ರ ಅದೇ ಕಂಪಾಸ್ ಬಾಕ್ಸಿನ ಕೈವಾರದ ಮೊನಿ, ಮ್ಯಾಲೆ ಮುಖ ಮಾಡಿ ನಿಲ್ಲಿಸಿದ್ದು. ಅದರ ಮ್ಯಾಲೆ ಹಿತ್ತಾಳಿ ಗುಳಿ ಬೋರಲು ಕುಂದ್ರತೈತಿ. ಒಂದೇ ಮೊನಿ ಮ್ಯಾಲೆ ತೂಗೋ ಈ ನಮೂನಿಗೆ ಯೂನಿಪಿವಟ್ ಅಂತಾರ, ದೊಡ್ಡ ಕಂಪನಿಗಳೂ ಮಾಡ್ಯಾವು.

ಹಿತ್ತಾಳಿ ಕೆಲಸಕ್ಕ ಹರಿಹರಕ್ಕ ಹೋದೆ. ಬಸ್ಸಿನಾಗ ಅರ್ಧ ತಾಸು. ಅಪ್ಪನ ಜೊತಿ ಕೆಲಸ ಮಾಡಿದ ಕಾಕಾ ಒಬ್ರು ಮನಿ ಹಿಂದ ಶೆಡ್ಡಿನಾಗ ಒಂದು ಲೇತ್ ಇಟ್ಕಂಡಾರ. ಊರಿನ ದೊಡ್ಡ ಕಾರ್ಖಾನಿ ಮುಚ್ಚಿ ಇಷ್ಟು ವರ್ಷ ಆದ್ರೂ ಕೈಯಾಗಿನ ವಿದ್ಯಾ ಮುಚ್ಚಿಲ್ಲ. ನನ್ನ ಚೀಟಿ ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನಿ: "ತೂಕ ಹಿಂದ ಇರಲಿ, ಕೆಳಗೈತೇನವ್ವಾ?" ನನಗ ಅರ್ಥ ಆಗಲಿಲ್ಲ. ಹೆಂಗ ಹೇಳಿದ್ನೋ ಹಂಗ ಮಾಡಿಕೊಡ್ರಿ ಅಂದೆ. ಮಾಡಿಕೊಟ್ರು.

ತಪ್ಪಾಗಿದ್ದು ಅಲ್ಲೇ. ಮನಿಗೆ ತಂದು ಕುಂದ್ರಿಸಿದ್ರ ಕೈ ಕುಡುಕನಂಗ ಆ ಕಡಿ ಈ ಕಡಿ ವಾಲಾಕ ಹತ್ತಿತು. ಒಂದೇ ಮೊನಿ ಮ್ಯಾಲೆ ನಿಲ್ಲಬೇಕಂದ್ರ ಭಾರ ಎಲ್ಲಾ ಮೊನಿಗಿಂತ ಕೆಳಗ ಇರಬೇಕು, ಹೆಗಲ ಮ್ಯಾಲಿನ ಅಡ್ಡಿಯಿಂದ ಎರಡು ಕೊಡ ಕೆಳಗ ಜೋತಾಡಿದಂಗ. ಕಾಕಾ ಕೇಳಿದ್ದು ಇದನ್ನ. ನಾನು ಬುದ್ಧಿವಂತಿ, ಹಿಂದಿನ ತೂಕಕ್ಕ ಟೇಪು ಸುತ್ತಿ, ಇರಲಿ ನೋಡೋಣ ಅಂತ ಕಾಳಿಂಗರಾಯರ ಪ್ಲೇಟು ಹಾಕಿದೆ. ಎರಡನೇ ಹಾಡಿಗೆ ಟೇಪು ಜಾರಿತು. ತಲಿ ದಪ್ ಅಂತ ಬಿದ್ದು ಅಡ್ಡಡ್ಡ ಎಳಕಂಡು ಹೋತು. ಆ ಗೆರಿ ಇವತ್ತಿಗೂ ಐತಿ. ತಿರಗಿದಾಗೊಮ್ಮೆ ಟಕ್ ಅಂತೈತಿ. ಅವತ್ತು ನಾನು ಮಾಡಿದ್ದು ಖರೇನೇ ಜುಗಾಡ್. ಅಳೀಲಿಲ್ಲ, ಕೇಳಿದ ಪ್ರಶ್ನಿಗೆ ಉತ್ತರ ಹುಡಕಲಿಲ್ಲ, ನಡೀತೈತಿ ಅಂದೆ. ಅದಕ್ಕೇ ಆ ಶಬ್ದ ಕೇಳಿದ್ರ ನನಗ ಸಿಟ್ಟು.

ಮತ್ತ ಹರಿಹರಕ್ಕ ಹೋದೆ. ಕಾಕಾ ಬೈಲಿಲ್ಲ. ತೂಕದ ತೂತನ್ನ ನಡುವ ಬಿಟ್ಟು ಮ್ಯಾಲಿನ ಅಂಚಿಗೆ ಕೊರದುಕೊಟ್ರು, ಆವಾಗ ಭಾರ ತಾನ ಕೆಳಗ ಜೋತು ಬೀಳ್ತೈತಿ. ಹಿಡಕಂಡು ನಿಲ್ಲಾಕ ಒಂದು ಸಣ್ಣ ಸ್ಕ್ರೂ ಹಾಕಿದ್ರು. ರೊಕ್ಕ ತಗೊಳ್ಳಲಿಲ್ಲ, ಖಾರ ಮಂಡಕ್ಕಿ ಒಯ್ದಿದ್ದೆ, ಅದನ್ನ ತಗಂಡ್ರು.

ಈಗ ತೂಕದ ಮಾತು. ನಾನು ಕೊಂಡ ಹೊಸ ಕ್ಯಾಟ್ರಿಜ್ಜಿಗೆ ಮುಳ್ಳಿನ ಭಾರ 2 ಗ್ರಾಂ ಇರಬೇಕು. ಹಳೇ ಕ್ರಿಸ್ಟಲ್ಲಿನವು ಐದಾರು ಗ್ರಾಂ ಒತ್ತತಿದ್ವು, ಅದರ ಮ್ಯಾಲೆ ನಮ್ಮೋರ ನಾಣ್ಯ ಬ್ಯಾರೆ. ಮುಳ್ಳಿನ ತುದಿಗೆ ಇರೋದು ವಜ್ರ, ಗೀರು ಬರೇ ಪ್ಲಾಸ್ಟಿಕ್. ನಿಮಿಷಕ್ಕ 33 ಸುತ್ತು ಮ್ಯಾಲೆ ಇನ್ನೊಂದಿಷ್ಟು, 20 ನಿಮಿಷಕ್ಕ 660 ದಾಟ್ತೈತಿ. ಅಷ್ಟು ಸುತ್ತೂ ಉಳಿ ಹೊಡದಂಗ. ಹಂಗಂತ ಒಂದು ಗ್ರಾಮಿಗೆ ಇಳಿಸಿದ್ರ ಪ್ಲೇಟು ಉಳೀತೈತಿ ಅಂತ ತಿಳೀಬ್ಯಾಡ್ರಿ. ಭಾರ ಸಾಲದ ಮುಳ್ಳು ಗೀರಿನಾಗ ಕುಣೀತೈತಿ, ಕುಣದು ಕುಣದು ಗ್ವಾಡಿ ಕೆಡಸ್ತೈತಿ.

ಎರಡು ಗ್ರಾಂ ಅಳಿಯಾಕ ನನಗ ಸಿಕ್ಕಿದ್ದು ಗುಲಗಂಜಿ. ಅಕ್ಕಸಾಲಿಗರು ಹಿಂದಕ ಬಂಗಾರ ತೂಗತಿದ್ದ ಬೀಜ, ಒಂದು ಗಂಜಿ ಸುಮಾರು 0.12 ಗ್ರಾಂ. ಬೀಜದಿಂದ ಬೀಜಕ್ಕ ವ್ಯತ್ಯಾಸ ಇರ್ತೈತಿ, ಅದಕ್ಕ ಚೌಕಿಪೇಟೆ ಕಡಿ ಪರಿಚಯದ ಅಕ್ಕಸಾಲಿಗರ ತಕ್ಕಡಿ ಮ್ಯಾಲೆ ಇಟ್ಟು ನೋಡಿದೆ. 16ಕ್ಕ 1.94 ಬಂತು. ಫುಟ್‌ಪಟ್ಟಿ ನಡುವ ಪೆನ್ಸಿಲ್ ಇಟ್ಟು, ಒಂದು ತುದಿಗೆ 16 ಗುಲಗಂಜಿ, ಅಷ್ಟೇ ದೂರದ ಇನ್ನೊಂದು ತುದಿಗೆ ಮುಳ್ಳು. ಪಟ್ಟಿ ಸಮಾ ನಿಲ್ಲೋ ತನಕ ಹಿತ್ತಾಳಿ ತೂಕ ಹಿಂದ ಮುಂದ ಸರಸೋದು. (ಮನಿಯಾಗ ಸಣ್ಣ ಹುಡುಗ್ರಿದ್ರ ಗುಲಗಂಜಿ ಕೈಗೆ ಸಿಗದಂಗ ಇಡ್ರಿ, ಭಾರಿ ವಿಷ ಅದು.)

ಉಳದದ್ದು ಸಣ್ಣ ಸಣ್ಣ ಕೆಲಸ, ಆದ್ರ ದಿನ ತಿಂದಿದ್ದು ಅವೇ. ತಲಿ ಓರೆ ಐತೇನು ಅಂತ ನೋಡಾಕ ಕುಂಕುಮದ ಡಬ್ಬಿಯ ಕನ್ನಡಿ ತಟ್ಟಿ ಮ್ಯಾಲೆ ಇಟ್ಟು ಮುಳ್ಳು ಇಳಿಸಿದ್ರ, ಮುಳ್ಳೂ ಅದರ ನೆರಳೂ ಒಂದೇ ನೇರಕ್ಕ ಕಾಣಬೇಕು. ಕೈ ತಾನ ಒಳಗ ಎಳೀತೈತಿ, ತಲಿ ತಿರುಗಿಸಿದ್ದರ ತಪ್ಪು ಅದು. ಅದನ್ನ ಹೊರಗ ಜಗ್ಗಾಕ ಒಂದು ದಾರ, ದಾರಕ್ಕ ಎರಡು ಗಾಜಿನ ಮಣಿ. ವಾಲಾಟ ತಡಿಯಾಕ ಕಂಬದ ಸುತ್ತ ಸಣ್ಣ ಬಟ್ಟಲದಾಗ ಹರಳೆಣ್ಣಿ. ವೈರಿಗೆ ಮೋಟಾರ್ ವೈಂಡಿಂಗ್ ಅಂಗಡಿಯ ಕೂದಲೆಳಿ ತಂತಿ, ನಾಕು. ಅದು ಬಿರುಸಾದ್ರ ಕೈ ತಿರಗಾಕ ಬಿಡಲ್ಲ, ಆವಾಗ ಮುಳ್ಳು ಜಿಗೀತೈತಿ, ಆವಾಗ್ಲೇ ನಮ್ಮ ಮಂದಿ ನಾಣ್ಯ ಹುಡಕೋದು. ಅಪ್ಪ ಹೇಳಿದ್ದ "ಹಿಡಕಂಡಿದ್ದು" ಎಷ್ಟೋ ಸಲ ಇದೇ ಇರಬೇಕು.

ಕೊನೀ ಹಾಡಿನ ಚರಚರ ಹದಿನೈದು ದಿನ ಕಾಡಿತು. ಅಳದು ನೋಡಿದ್ರ ಕಂಬ 214ಕ್ಕ ನಿಂತಿತ್ತು. ಎರಡು ಮಿಲಿಮೀಟರ್ ಸರಿಸಿದೆ. ಗಂಗೂಬಾಯಿಯವರ ದನಿ ಕೊನೀ ತನಕ ತುಂಬಿ ಬಂತು.

ಕೈಗೆ ಖರ್ಚಾಗಿದ್ದು 640 ರೂಪಾಯಿ. ಕ್ಯಾಟ್ರಿಜ್ಜೂ ಅದರ ಸಣ್ಣ ದನಿ ದೊಡ್ಡದು ಮಾಡೋ ಫೋನೋ ಪೆಟ್ಟಿಗೀನೂ ಕೊಂಡಿದ್ದೇ, ವಜ್ರ ಮನಿಯಾಗ ಅರಿಯಾಕ ಬರಲ್ಲ. ಪಂಡಿತ ಹೇಳಿದ ಕೈ ಇದಕ್ಕಿಂತ ಚಲೋ ಇದ್ದೀತು, ನಾನು ವಾದ ಮಾಡಲ್ಲ. ಅಪ್ಪನ ಹಳೇ 78ರ ಪ್ಲೇಟು ಇದರಾಗ ಬಾರಸಲ್ಲ, ಅದರ ಗೀರು ಅಗಲ, ಅದಕ್ಕ ದಪ್ಪ ಮುಳ್ಳೇ ಬ್ಯಾರೆ ಬೇಕು. ರೊಕ್ಕ ಕೂಡಿಸ್ತಿದೀನಿ. ಆದ್ರ "ಮನಿಯಾಗ ಮಾಡೋದಲ್ಲ" ಅಂದ್ರಲ್ಲ, ಆ ಮಾತನ್ನ ವಾಪಸ್ ತಗೋಬೇಕು. ದಿನಾ ಚಪಾತಿ ಹಿಟ್ಟಿನ ಹದ ಬೆರಳಿನಾಗ ತಿಳಿಯೋ ಕೈಗೆ ಎರಡು ಗ್ರಾಂ ತಿಳಿಯಲ್ಲ ಅಂತ ಯಾರು ಹೇಳಿದ್ರು ಇವರಿಗೆ? ನಾನು ಎಣಿಸಿದೀನಿ, ತೂಗಿದೀನಿ, ತಪ್ಪಿದೀನಿ, ತಿದ್ದಿದೀನಿ. ಇದನ್ನ ಹರಿಹರದ ಕಾರ್ಖಾನಿಯಾಗ ಗಂಡಸರು ಮಾಡಿದ್ರ ಫಿಟ್ಟಿಂಗ್ ಅಂತಿದ್ರು, ಪಗಾರ ಕೊಡ್ತಿದ್ರು. ಹೆಂಗಸು ಅಡುಗಿಮನಿ ಕಟ್ಟಿ ಮ್ಯಾಲೆ ಮಾಡಿದ್ರ ಜುಗಾಡ್.

ಅವ್ವ ಈಗ ನಮ್ಮನಿಯಾಗೇ ಅದಾಳ. ಹೆಸರು ಮರೀತಾಳ, ಉಂಡಿದ್ದು ಮರೀತಾಳ. ಕಾಳಿಂಗರಾಯರ ಪ್ಲೇಟು ಹಾಕಿದ್ರ ಮುಂದಿನ ಹಾಡು ಯಾವುದಂತ ಅದು ಶುರು ಆಗೋಕಿಂತ ಮೊದಲ ಹೇಳ್ತಾಳ. ಟಕ್ ಅಂದಾಗೊಮ್ಮೆ ನನ್ನ ಕಡಿ ನೋಡ್ತಾಳ.

ತಮ್ಮ ಬರೋ ಭಾನುವಾರ ಟ್ರಂಕು ಒಯ್ಯಾಕ ಬರ್ತಿನಿ ಅಂದಾನ. ಬಾ ಅಂದೀನಿ. ಬೆಣ್ಣಿ ದೋಸಿ ಮಾಡ್ತೀನಿ, ಊಟ ಆದಮ್ಯಾಲೆ ಅವ್ವನ ಬಾಜೂಕ ಕುಂದ್ರಿಸಿ ಒಂದು ಮಗ್ಗಲು ಪೂರ್ತಿ ಕೇಳಸ್ತೀನಿ. ಟ್ರಂಕಿನ ಬೀಗದ ಕೈ ನನ್ನ ಸೆರಗಿನ ಗಂಟಿನಾಗ ಐತಿ.