ಅಲ್ಪವಿರಾಮದ ಶುದ್ಧಿ, ಆಧಾರದ ಅಶುದ್ಧಿ

ವೈದ್ಯಕೀಯ ಪತ್ರಿಕೆಗೆ ಕಳುಹಿಸಿದ ಸಂಶೋಧನ ಲೇಖನವು ತಿದ್ದುಪಡಿಗಾಗಿ ಮರಳಿ ಬರುವುದಕ್ಕೆ ಅದರ ವಿಷಯವೇ ಕಾರಣವಾಗಬೇಕೆಂದಿಲ್ಲ. ಆಕರಸೂಚಿಯಲ್ಲಿ ಲೇಖಕರ ಹೆಸರಿನ ಮೊದಲಕ್ಷರಗಳ ನಡುವೆ ಚುಕ್ಕಿ ಉಳಿದಿರುತ್ತದೆ. ಪತ್ರಿಕೆಯ ಹೆಸರು ಸಂಕ್ಷೇಪಗೊಂಡಿರುವುದಿಲ್ಲ. ಅಲ್ಪವಿರಾಮ ಇರಬೇಕಾದೆಡೆ ಅರ್ಧವಿರಾಮ ಬಿದ್ದಿರುತ್ತದೆ. ಆರು ಲೇಖಕರನ್ನು ಹೆಸರಿಸಿ ‘ಮತ್ತಿತರರು’ ಎನ್ನಬೇಕೆಂದು ಒಂದು ಪತ್ರಿಕೆ ವಿಧಿಸಿದರೆ, ಮೂವರಿಗೇ ನಿಲ್ಲಿಸಬೇಕೆಂದು ಇನ್ನೊಂದು ಆಜ್ಞಾಪಿಸುತ್ತದೆ. ಹಗಲೆಲ್ಲ ರೋಗಿಗಳನ್ನು ನೋಡಿದ ವೈದ್ಯನು ರಾತ್ರಿ ಕುಳಿತು ಚುಕ್ಕಿಗಳನ್ನು ಎಣಿಸುತ್ತಾನೆ. ಇಷ್ಟೆಲ್ಲ ನಡೆಯುವಾಗ ಒಂದು ಪ್ರಶ್ನೆಯನ್ನು ಮಾತ್ರ ಕೇಳುವವರು ವಿರಳ: ಇಪ್ಪತ್ತಮೂರನೆಯ ಆಕರವು ಲೇಖಕನು ಹೇಳುತ್ತಿರುವ ಮಾತನ್ನು ನಿಜವಾಗಿಯೂ ಹೇಳುತ್ತದೆಯೇ?

ಈ ನಿಯಮಗಳ ಹುಟ್ಟು ಸದುದ್ದೇಶದ್ದೇ. 1978ರ ಜನವರಿಯಲ್ಲಿ ಕೆನಡಾದ ವ್ಯಾಂಕೂವರ್ ನಗರದಲ್ಲಿ ಕೆಲವು ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಅನೌಪಚಾರಿಕವಾಗಿ ಸೇರಿ, ತಮ್ಮ ಪತ್ರಿಕೆಗಳಿಗೆ ಬರುವ ಹಸ್ತಪ್ರತಿಗಳಿಗೆ ಏಕರೂಪದ ನಮೂನೆಯೊಂದನ್ನು ಗೊತ್ತುಮಾಡಿದರು. ಮರುವರ್ಷ ಅದು ಪ್ರಕಟವಾಯಿತು. ಆಕರಗಳ ವಿನ್ಯಾಸವನ್ನು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು ರೂಪಿಸಿಕೊಟ್ಟಿತು. ಲೇಖನದಲ್ಲಿ ಬಂದ ಕ್ರಮದಲ್ಲೇ ಆಕರಗಳಿಗೆ ಅಂಕೆ ಕೊಡುವ ಈ ಪದ್ಧತಿಗೆ ಆ ಊರಿನ ಹೆಸರೇ ನಿಂತಿದೆ. ಆ ಗುಂಪೇ ಮುಂದೆ ವೈದ್ಯಕೀಯ ಪತ್ರಿಕಾ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯಾಗಿ ಬೆಳೆಯಿತು. ಬೆರಳಚ್ಚಿನ ಆ ಕಾಲದಲ್ಲಿ ಏಕರೂಪತೆಯೆಂದರೆ ಲೇಖಕನ ಹೊರೆಯನ್ನು ಇಳಿಸುವ ಉಪಾಯ. ಆ ಉಪಾಯವನ್ನೇ ಪತ್ರಿಕೆಗೊಂದು ಬಗೆಯ ಒಳನಿಯಮಗಳಾಗಿ ಒಡೆದು ಮತ್ತೆ ಹೊರೆಯಾಗಿಸಿದ್ದು ನಂತರದವರ ಸಾಧನೆ.

ಹೊರೆಯಷ್ಟೇ ಆಗಿದ್ದರೆ ಸಹಿಸಬಹುದಿತ್ತು. ರೂಪದ ಶುದ್ಧಿಯು ಅರ್ಥದ ಶುದ್ಧಿಯೆಂಬ ಭ್ರಮೆಯನ್ನು ಹುಟ್ಟಿಸುವುದೇ ನಿಜವಾದ ಅಪಾಯ. ಇದಕ್ಕೆ ಒಂದು ದಾರುಣ ನಿದರ್ಶನವಿದೆ. 1980ರ ಜನವರಿಯಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಜೇನ್ ಪೋರ್ಟರ್ ಮತ್ತು ಹರ್ಷೆಲ್ ಜಿಕ್ ಅವರ ಪತ್ರವೊಂದು ಅಚ್ಚಾಯಿತು. ಅದರಲ್ಲಿದ್ದುದು ಐದೇ ವಾಕ್ಯ. ಆಸ್ಪತ್ರೆಯಲ್ಲಿ ದಾಖಲಾಗಿದ್ದಾಗ ಅಫೀಮು ವರ್ಗದ ನೋವುನಿವಾರಕಗಳನ್ನು ಪಡೆದ 11,882 ರೋಗಿಗಳಲ್ಲಿ, ಹಿಂದೆ ವ್ಯಸನವಿಲ್ಲದವರು ವ್ಯಸನಕ್ಕೆ ಬಿದ್ದ ಪ್ರಕರಣಗಳು ನಾಲ್ಕೇ ಎಂಬುದು ಅದರ ಸಾರ. ಮನೆಗೆ ಹೋದ ಮೇಲೆ ತಿಂಗಳುಗಟ್ಟಲೆ ಆ ಮಾತ್ರೆಗಳನ್ನು ನುಂಗುವವರ ವಿಷಯವಾಗಿ ಆ ಪತ್ರವು ಏನನ್ನೂ ಹೇಳಿರಲಿಲ್ಲ. ಆದರೂ ದೀರ್ಘಕಾಲದ ನೋವಿಗೆ ಅವನ್ನು ಧಾರಾಳವಾಗಿ ಬರೆಯಬಹುದೆಂಬ ವಾದಕ್ಕೆ ಅದೇ ಪ್ರಮಾಣವಾಯಿತು. 2017ರಲ್ಲಿ ಕೆನಡಾದ ಸಂಶೋಧಕರು ಆ ಪತ್ರವನ್ನು ಉಲ್ಲೇಖಿಸಿದ 608 ಬರಹಗಳನ್ನು ಪರಿಶೀಲಿಸಿದರು. ಅವುಗಳಲ್ಲಿ 439 ಬರಹಗಳು ವ್ಯಸನ ಅಪರೂಪವೆಂಬುದಕ್ಕೆ ಅದನ್ನೇ ಸಾಕ್ಷಿಯಾಗಿ ನಿಲ್ಲಿಸಿದ್ದವು. ಆ ರೋಗಿಗಳು ಆಸ್ಪತ್ರೆಯಲ್ಲಿ ಇದ್ದವರೆಂಬ ಮುಖ್ಯ ಸಂಗತಿಯನ್ನು 491 ಬರಹಗಳು ಹೇಳಿರಲೇ ಇಲ್ಲ. ಈ ನಡುವೆ ಅಮೆರಿಕದಲ್ಲಿ ಆ ಔಷಧಗಳ ವ್ಯಸನವು ಸಾವಿರಾರು ಮನೆಗಳನ್ನು ಶೂನ್ಯವಾಗಿಸಿತ್ತು. ಸಂಪುಟ 302, ಪುಟ 123 ಎಂಬ ಅಂಕೆಗಳಲ್ಲಿ ಯಾವ ದೋಷವೂ ಇಲ್ಲ. ವಿರಾಮಚಿಹ್ನೆಗಳನ್ನು ಕಾಯುವ ಯಾವ ದ್ವಾರಪಾಲಕನೂ ಇಂತಹ ಉಲ್ಲೇಖವನ್ನು ತಡೆಯಲಾರ.

ಓದದೆಯೇ ಉಲ್ಲೇಖಿಸುವ ಈ ರೋಗ ವೈದ್ಯರಿಗೆ ಮಾತ್ರ ಅಂಟಿದ್ದಲ್ಲ. ಎರಡು ಓಲೆಪ್ರತಿಗಳಲ್ಲಿ ಒಂದೇ ಸ್ಥಳದಲ್ಲಿ ಒಂದೇ ವಿಲಕ್ಷಣ ಸ್ಖಾಲಿತ್ಯ ಕಂಡರೆ ಅವೆರಡಕ್ಕೂ ಮಾತೃಕೆ ಒಂದೇ ಎಂದು ಗ್ರಂಥಸಂಪಾದಕರು ಊಹಿಸುತ್ತಾರೆ. ಸಿಮ್ಕಿನ್ ಮತ್ತು ರಾಯ್‌ಚೌಧರಿ ಎಂಬ ಸಂಶೋಧಕರು 2003ರಲ್ಲಿ ಬಹುಮಟ್ಟಿಗೆ ಇದೇ ತರ್ಕವನ್ನು ಆಕರಸೂಚಿಗಳಿಗೆ ಅನ್ವಯಿಸಿದರು. ಭೌತಶಾಸ್ತ್ರದ ಪ್ರಸಿದ್ಧ ಲೇಖನವೊಂದರ ಉಲ್ಲೇಖಗಳಲ್ಲಿ 196 ತಪ್ಪಾಗಿ ಅಚ್ಚಾಗಿದ್ದವು. ಆದರೆ ತಪ್ಪಿನ ಬಗೆಗಳು 45 ಮಾತ್ರ, ಅದರಲ್ಲೂ ಪುಟಸಂಖ್ಯೆಯ ಒಂದೇ ತಪ್ಪು 78 ಸಲ ಮರುಕಳಿಸಿತ್ತು. ಸ್ವತಂತ್ರವಾಗಿ ಓದಿದವರೆಲ್ಲ ಒಂದೇ ತಪ್ಪನ್ನು ಮಾಡಲಾರರು. ನಕಲು ಮಾಡಿದವರು ಮಾಡುತ್ತಾರೆ. ಮೂಲವನ್ನು ಓದಿ ಉಲ್ಲೇಖಿಸುವವರು ಐವರಲ್ಲಿ ಒಬ್ಬರು ಮಾತ್ರ ಎಂಬುದು ಅವರ ಅಂದಾಜು. ಎದುರಿನ ಓಲೆಯನ್ನು ನಿಷ್ಠೆಯಿಂದ ನೋಡಿ ಬರೆದ ಹಳೆಯ ಲಿಪಿಕಾರನಿಗಿಂತ, ಮೂಲವನ್ನು ತೆರೆಯದೆ ಅದರ ಹೆಸರನ್ನು ಬಳಸುವ ಇಂದಿನ ವಿದ್ವಾಂಸನು ಯಾವ ದೃಷ್ಟಿಯಿಂದ ಶ್ರೇಷ್ಠನು?

ಏಕರೂಪತೆಯೇ ಬೇಡವೆಂದು ಇದರ ಅರ್ಥವಲ್ಲ. ನಮೂನೆ ಇದ್ದರೆ ಓದುಗನು ಆಕರವನ್ನು ಬೇಗ ಹುಡುಕಬಲ್ಲನು, ಗಣಕಯಂತ್ರವು ಒಂದು ಲೇಖನವನ್ನು ಇನ್ನೊಂದಕ್ಕೆ ಜೋಡಿಸಬಲ್ಲುದು. ಆದರೆ ಆ ಕೆಲಸವನ್ನು ಇಂದು ಜೊಟೆರೋ, ಎಂಡ್‌ನೋಟ್ ಮೊದಲಾದ ತಂತ್ರಾಂಶಗಳು ಕ್ಷಣಮಾತ್ರದಲ್ಲಿ ಮುಗಿಸುತ್ತವೆ. ಯಂತ್ರವು ಮಾಡಬಲ್ಲ ಕೆಲಸಕ್ಕೆ ಮನುಷ್ಯನನ್ನು ಕೂರಿಸಿ, ಮನುಷ್ಯನೇ ಮಾಡಬೇಕಾದ ಕೆಲಸವನ್ನು ಯಾರಿಗೂ ವಹಿಸದಿರುವುದು ವಿವೇಕವಲ್ಲ. ಈಗಂತೂ ಕೃತಕ ಬುದ್ಧಿಮತ್ತೆಯ ಯಂತ್ರಗಳು ಅಸ್ತಿತ್ವದಲ್ಲೇ ಇಲ್ಲದ ಲೇಖನಗಳಿಗೆ ಲೇಖಕರು, ವರ್ಷ, ಸಂಪುಟ, ಪುಟಗಳನ್ನು ಕಲ್ಪಿಸಿ ಅಚ್ಚುಕಟ್ಟಾದ ಆಕರಸೂಚಿಯನ್ನು ಹೆಣೆದುಕೊಡಬಲ್ಲವು. ರೂಪವೇ ಪ್ರಮಾಣವಾದರೆ ಆ ಸುಳ್ಳಿಗೂ ಪೂರ್ಣಾಂಕವೇ ಸಲ್ಲಬೇಕಾಗುತ್ತದೆ.

ಪರಿಹಾರವನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಸಾಧ್ಯವಾದಷ್ಟೂ ಮೂಲ ಸಂಶೋಧನೆಯನ್ನೇ ಉಲ್ಲೇಖಿಸಬೇಕು, ಆಕರಗಳನ್ನು ಪರಿಶೀಲಿಸಬೇಕು, ಹಿಂತೆಗೆದುಕೊಂಡ ಲೇಖನವನ್ನು ಆಧಾರವಾಗಿ ಬಳಸಿಲ್ಲವೆಂಬುದನ್ನು ಲೇಖಕನೇ ಖಚಿತಪಡಿಸಿಕೊಳ್ಳಬೇಕು ಎಂದು ಸಂಪಾದಕರ ಸಮಿತಿಯ ಶಿಫಾರಸುಗಳೇ ಹೇಳುತ್ತವೆ. ಚುಕ್ಕಿಯ ನಿಯಮ ಕಡ್ಡಾಯವಾಯಿತು, ಸತ್ಯದ ನಿಯಮ ಸದಾಶಯವಾಗಿ ಉಳಿಯಿತು. ಈ ಕ್ರಮ ತಿರುಗಬೇಕು. ಮೊದಲ ಸಲ ಕಳುಹಿಸುವ ಹಸ್ತಪ್ರತಿಯಲ್ಲಿ ಆಕರಗಳು ಯಾವ ನಮೂನೆಯಲ್ಲಿದ್ದರೂ ಸ್ವೀಕರಿಸುವ ಪತ್ರಿಕೆಗಳು ಈಗಾಗಲೇ ಇವೆ. ಉಳಿದವೂ ಹಾಗೆಯೇ ಮಾಡಲಿ. ಅದರಿಂದ ಉಳಿದ ಹೊತ್ತಿನಲ್ಲಿ, ವಾದಕ್ಕೆ ಆಧಾರಸ್ತಂಭವಾದ ಐದಾರು ಆಕರಗಳ ಮೂಲವನ್ನು ಪರಿಶೀಲಕರು ತೆರೆದು ನೋಡಲಿ. ಪ್ರತಿಯೊಂದು ಆಕರವನ್ನೂ ತಾನೇ ಓದಿರುವೆನೆಂದು ಲೇಖಕನು ಸಹಿ ಮಾಡಲಿ.

ಆಕರವೆಂಬುದು ಲೇಖನದ ಕೊನೆಗೆ ತೊಡಿಸುವ ಆಭರಣವಲ್ಲ; ಅದು ಓದುಗನಿಗೆ ಕೊಟ್ಟ ವಚನ. ವೈದ್ಯಶಾಸ್ತ್ರದಲ್ಲಿ ಆ ವಚನ ಸುಳ್ಳಾದರೆ ಅದರ ಋಣವನ್ನು ತೀರಿಸಬೇಕಾದವನು ಲೇಖಕನೂ ಅಲ್ಲ, ಸಂಪಾದಕನೂ ಅಲ್ಲ. ಆ ಲೇಖನವನ್ನು ಎಂದೂ ಓದದ ರೋಗಿ.