ಮಿಡಿ ಉಪ್ಪಿನಕಾಯಿ ಆನ್‌ಲೈನ್‌ನಲ್ಲಿ ಮಾರೋದು ಸುಲಭ, ರಾಜ್ಯ ದಾಟಿಸೋದೇ ಕಷ್ಟ

ಸಾಗರ: ಇನ್ನು ಕೆಲವೇ ವಾರಗಳಲ್ಲಿ ಅಪ್ಪೆಮಿಡಿ ಪೇಟೆಗೆ ಬರುತ್ತೆ. ಅದರ ಬೆನ್ನಿಗೇ ಹಲಸಿನ ಹಪ್ಪಳದ ಕಾಲ. ಬೆಂಗಳೂರಿನಲ್ಲಿರುವ ಮಕ್ಕಳಿಗೆ, ನೆಂಟರಿಗೆ ಅಂತ ಇಷ್ಟು ವರ್ಷ ಡಬ್ಬಿ ಕಟ್ಟಿ ಬಸ್ಸಿಗೆ ಹಾಕುತ್ತಿದ್ದ ಮನೆಗಳಲ್ಲಿ ಈಗ ಬೇರೆ ಮಾತು ಕೇಳಿಬರುತ್ತಿದೆ. ಇದನ್ನೇ ಆನ್‌ಲೈನ್‌ನಲ್ಲಿ ಮಾರಿದರೆ ಹೇಗೆ? ಕೈಯಲ್ಲಿರೋದು ಹದಿನೈದೋ ಇಪ್ಪತ್ತೋ ಸಾವಿರ. ಅದರಲ್ಲೂ ಒಂದಷ್ಟು ಗೃಹಲಕ್ಷ್ಮಿ ಹಣ ಕೂಡಿಟ್ಟದ್ದು.

ಶುರು ಮಾಡೋಕೆ ಅಷ್ಟು ಸಾಕು, ಅದರಲ್ಲಿ ಅನುಮಾನವಿಲ್ಲ. ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಉಚಿತ. ಅದರಲ್ಲೇ ಸಾಮಾನಿನ ಫೋಟೊ, ದರ ಹಾಕಿ ಪಟ್ಟಿ ಮಾಡಿಡಬಹುದು. ಯುಪಿಐಗೆ ಖರ್ಚಿಲ್ಲ. ಸಣ್ಣ ಉದ್ದಿಮೆಗೆ ಕೊಡುವ ಉದ್ಯಮ್ ನೋಂದಣಿಗೆ ಸರ್ಕಾರ ಒಂದು ಪೈಸೆಯನ್ನೂ ಕೇಳೋದಿಲ್ಲ. ಹಣ ಕೇಳಿದರೆ ಅದು ಮಧ್ಯವರ್ತಿ, ಇಲ್ಲವೇ ನಕಲಿ ವೆಬ್‌ಸೈಟ್. ಆಹಾರ ತಯಾರಿಸುವವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಕಡ್ಡಾಯ. ಸಣ್ಣ ತಯಾರಕರ ಮೂಲ ನೋಂದಣಿಗೆ ವರ್ಷಕ್ಕೆ 100 ರೂಪಾಯಿ. ಆ 14 ಅಂಕಿಯ ನಂಬರ್ ಲೇಬಲ್ ಮೇಲೆ ಇರಲೇಬೇಕು.

ಹೀಗಾಗಿ ದುಡ್ಡು ಹೋಗೋದು ಶುರು ಮಾಡುವಾಗ ಅಲ್ಲ, ಶುರುವಾದ ಮೇಲೆ. ಅದೂ ಎರಡು ಕಡೆ. ಒಂದು ಪಾರ್ಸೆಲ್, ಇನ್ನೊಂದು ರಾಜ್ಯದ ಗಡಿ.

ನೋಟಿಸ್ ಭಯ ಇನ್ನೂ ಹೋಗಿಲ್ಲ

ಗಡಿಯ ವಿಷಯಕ್ಕೆ ಬರೋ ಮೊದಲು 2025ರ ಜುಲೈ ನೆನಪಿಸಿಕೊಳ್ಳಬೇಕು. ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್, ಹಾಲು-ತರಕಾರಿ ಅಂಗಡಿಗಳಿಗೆ ನೋಟಿಸ್ ಕೊಟ್ಟಿತ್ತು. ಬೆಂಗಳೂರಿನಲ್ಲಿ ಅಂಗಡಿಗಳ ಮುಂದೆ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅನ್ನೋ ಬೋರ್ಡು ಬಿದ್ದವು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ಹಳೇ ಬಾಕಿ ವಸೂಲಿ ಮಾಡೋದಿಲ್ಲ, ಆದರೆ ಜಿಎಸ್‌ಟಿ ನೋಂದಣಿ ಮಾಡಿಸಿಕೊಳ್ಳಬೇಕು ಅಂದರು. ಗಲಾಟೆ ಅಲ್ಲಿಗೆ ತಣ್ಣಗಾಯಿತು.

ಭಯ ಮಾತ್ರ ಉಳಿದುಕೊಂಡಿದೆ. 'ಆನ್‌ಲೈನ್‌ನಲ್ಲಿ ಮಾರಿದರೆ ಎಲ್ಲ ಲೆಕ್ಕಕ್ಕೆ ಸಿಗುತ್ತೆ, ನಾಳೆ ನೋಟಿಸ್ ಬರುತ್ತೆ' ಅಂತ ಹಿಂಜರಿಯುವವರು ತಾಲ್ಲೂಕಿನಲ್ಲಿ ಕಡಿಮೆ ಇಲ್ಲ. ಆದರೆ ಈ ಹಿಂಜರಿಕೆಗೆ ಲೆಕ್ಕದ ಆಧಾರ ಇಲ್ಲ. ಕರ್ನಾಟಕದಲ್ಲಿ ಸರಕು ಮಾರುವವರಿಗೆ ನೋಂದಣಿ ಕಡ್ಡಾಯವಾಗೋದು ವರ್ಷದ ವಹಿವಾಟು 40 ಲಕ್ಷ ದಾಟಿದ ಮೇಲೆ. ಅಂದರೆ ದಿನಕ್ಕೆ ಹತ್ತಿರ ಹತ್ತಿರ 11 ಸಾವಿರ ರೂಪಾಯಿ. 300 ರೂಪಾಯಿಯ ಉಪ್ಪಿನಕಾಯಿ ಡಬ್ಬಿ ಮಾರೋ ಮನೆ ಅಲ್ಲಿಗೆ ಮುಟ್ಟಬೇಕಾದರೆ ಒಂದು ದಿನವೂ ಬಿಡದೆ ದಿನಕ್ಕೆ 37 ಡಬ್ಬಿ ಕಳಿಸಬೇಕು. ಮೊದಲ ವರ್ಷ ಯಾರ ಮನೆಗೂ ಆ ಭಾಗ್ಯ ಬರೋದಿಲ್ಲ ಬಿಡಿ.

ಒಂದು ಎಚ್ಚರಿಕೆ ಇದೆ. 40 ಲಕ್ಷದ ಲೆಕ್ಕ ನಡೆಯೋದು ಪ್ಯಾನ್ ಮೇಲೆ. ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟವರು ಅದೇ ಹೆಸರಲ್ಲಿ ಉಪ್ಪಿನಕಾಯಿಯನ್ನೂ ಆನ್‌ಲೈನ್‌ನಲ್ಲಿ ಮಾರಿದರೆ ಎರಡೂ ಕೂಡುತ್ತೆ. ಉಪ್ಪಿನಕಾಯಿ ಹಾಕೋದು, ಮಾರೋದು, ದುಡ್ಡು ಪಡೆಯೋದು ಎಲ್ಲ ಹೆಂಡತಿಯೇ ಆದರೆ ಅವರ ಹೆಸರಲ್ಲಿ, ಅವರ ಖಾತೆಯಲ್ಲಿ ಬೇರೆಯಾಗಿ ನಡೆಸಬಹುದು. ಬರೀ ಹೆಸರಿಗೆ ಒಡೆದು ತೋರಿಸೋದು ಬೇರೆ, ಅದು ಮುಂದೆ ತೊಂದರೆ ತರುತ್ತೆ.

40 ಲಕ್ಷ ಅಲ್ಲ, ಗಡಿ

ಹೆಚ್ಚಿನವರಿಗೆ ಗೊತ್ತಿಲ್ಲದ ಮಾತು ಇದು. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ 40 ಲಕ್ಷದ ವಿನಾಯಿತಿ ಅನ್ವಯ ಆಗೋದೇ ಇಲ್ಲ. ಪುಣೆಗೆ ಒಂದೇ ಒಂದು ಡಬ್ಬಿ ಉಪ್ಪಿನಕಾಯಿ ಮಾರಿದರೂ ಕಾನೂನಿನ ಪ್ರಕಾರ ಜಿಎಸ್‌ಟಿ ನೋಂದಣಿ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ಬಂದರೂ ಅಷ್ಟೇ, ದೊಡ್ಡ ಕಂಪನಿಯ ಆ್ಯಪ್‌ನಲ್ಲಿ ಬಂದರೂ ಅಷ್ಟೇ. ಸಾಗರದಿಂದ ಬೀದರ್‌ಗೆ ಕಳಿಸಬಹುದು, ಅದಕ್ಕಿಂತ ಎಷ್ಟೋ ಹತ್ತಿರದ ಗೋವಾಕ್ಕೆ ಕಳಿಸೋ ಹಾಗಿಲ್ಲ. ವಿಚಿತ್ರ ಅನ್ನಿಸಿದರೂ ನಿಯಮ ಇರೋದು ಹಾಗೆ.

ಹಪ್ಪಳದ ಮಾತು ಬೇರೆ. ಹಪ್ಪಳಕ್ಕೆ ಜಿಎಸ್‌ಟಿ ದರವೇ ಸೊನ್ನೆ. ಹಪ್ಪಳ ಒಂದನ್ನೇ ಮಾರುವವರಿಗೆ ಈ ತಲೆನೋವಿಲ್ಲ. ಅದೇ ಪೆಟ್ಟಿಗೆಯಲ್ಲಿ ಒಂದು ಡಬ್ಬಿ ಉಪ್ಪಿನಕಾಯಿ ಸೇರಿಸಿದರೆ ಮತ್ತೆ ಮೊದಲಿನ ಕಥೆ. ಸಾಗರದ ಗುಡಿಗಾರರ ಮರದ ಕೆತ್ತನೆಯಂಥ, ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳಿಗೂ ಕೆಲವು ಷರತ್ತುಗಳ ಮೇಲೆ ಹೊರರಾಜ್ಯ ಮಾರಾಟದಲ್ಲಿ ವಿನಾಯಿತಿ ಇದೆ. ಉಪ್ಪಿನಕಾಯಿಗೆ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಅದರ ಮೇಲಿನ ತೆರಿಗೆ 12ರಿಂದ ಶೇ 5ಕ್ಕೆ ಇಳಿದದ್ದೇ ಸಮಾಧಾನ.

ರಾಜ್ಯದೊಳಗೆ ಮಾತ್ರ ಮಾರ್ತೀವಿ ಅನ್ನೋರಿಗೆ ದಾರಿ ಸಲೀಸಾಗಿದೆ. 2023ರ ಅಕ್ಟೋಬರ್ 1ರಿಂದ ಮಿತಿಯೊಳಗಿನ ಸಣ್ಣ ಮಾರಾಟಗಾರರು ಜಿಎಸ್‌ಟಿ ನೋಂದಣಿ ಇಲ್ಲದೆಯೂ ಇ-ಕಾಮರ್ಸ್ ಕಂಪನಿಗಳ ಮೂಲಕ ರಾಜ್ಯದೊಳಗೆ ಮಾರಬಹುದು. ಪ್ಯಾನ್ ಕೊಟ್ಟು ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ದಾಖಲಾತಿ ಸಂಖ್ಯೆ ಪಡೆದರೆ ಆಯಿತು. ಮಲೆನಾಡಿನ ಉಪ್ಪಿನಕಾಯಿಗೆ ಮೊದಲ ಗಿರಾಕಿಗಳು ಇರೋದೂ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲೇ. ಆದ್ದರಿಂದ ಮೊದಲ ವರ್ಷ ರಾಜ್ಯದೊಳಗೇ ಇದ್ದರೆ ದೊಡ್ಡ ನಷ್ಟವೇನಿಲ್ಲ.

ನೋಂದಣಿಯನ್ನೇ ಮಾಡಿಸಿಬಿಟ್ಟರೆ? ಸರ್ಕಾರಿ ಶುಲ್ಕ ಇಲ್ಲ. 2025ರ ನವೆಂಬರ್ 1ರಿಂದ ಸಣ್ಣವರಿಗೆ ಮೂರು ಕೆಲಸದ ದಿನಗಳಲ್ಲಿ ನಂಬರ್ ಕೊಡುವ ಸರಳ ವ್ಯವಸ್ಥೆಯೂ ಬಂದಿದೆ. ಆದರೆ ನಂಬರ್ ಬಂದ ದಿನದಿಂದ ಬೆಂಗಳೂರಿನ ಗಿರಾಕಿಗೆ ಮಾರಿದ್ದಕ್ಕೂ ತೆರಿಗೆ ಕಟ್ಟಬೇಕು. ವ್ಯಾಪಾರ ಇಲ್ಲದ ಮಳೆಗಾಲದಲ್ಲೂ ರಿಟರ್ನ್ಸ್ ಹಾಕಬೇಕು. ಸೊನ್ನೆ ವಹಿವಾಟಿನ ರಿಟರ್ನ್ಸ್ ತಡವಾದರೂ ದಿನಕ್ಕೆ 20 ರೂಪಾಯಿ ದಂಡ, ಜೊತೆಗೆ ಆಡಿಟರ್ ಫೀಸು. ತಿಂಗಳಿಗೆ ಎರಡು-ಮೂರು ಸಾವಿರ ಉಳಿಸೋ ಮನೆಗೆ ಇದು ಸಣ್ಣ ಖರ್ಚಲ್ಲ.

ಹತ್ತು ಪಾರ್ಸೆಲ್, ಒಂದು ವಾಪಸ್

ಇನ್ನು ಪಾರ್ಸೆಲ್. ಇಲ್ಲಿ ಕೈ ಸುಟ್ಟುಕೊಂಡವರೇ ಜಾಸ್ತಿ.

ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ಅರ್ಧ ಕೆಜಿ ಉಪ್ಪಿನಕಾಯಿಗೆ 300 ರೂಪಾಯಿ ದರ. ಮಿಡಿ, ಖಾರ, ಎಣ್ಣೆ ಎಲ್ಲ ಸೇರಿ 130. ಡಬ್ಬಿ, ರಟ್ಟಿನ ಪೆಟ್ಟಿಗೆ, ಟೇಪು 30. ಕೊರಿಯರ್ 80. ಉಳಿಯೋದು 60. ಮನೆಯವರ ಕೂಲಿಯೂ ಅದರಲ್ಲೇ. ಹತ್ತು ಪಾರ್ಸೆಲ್ ಹೋದರೆ 600 ರೂಪಾಯಿ ಲಾಭ ಅಂತ ಖುಷಿಪಡೋ ಹೊತ್ತಿಗೆ ಒಂದು ಪಾರ್ಸೆಲ್ ವಾಪಸ್ ಬಂತು ಅನ್ನಿ. 'ಸಾಮಾನು ಬಂದ ಮೇಲೆ ದುಡ್ಡು' ಅಂತ ಕಳಿಸಿದ್ದು, ಗಿರಾಕಿ ಬಾಗಿಲು ತೆಗೆಯಲಿಲ್ಲ. ಹೋಗೋ ಚಾರ್ಜು 80, ಬರೋ ಚಾರ್ಜು 80, ಸೋರಿ ಹಾಳಾದ ಮಾಲು ಮತ್ತು ಪ್ಯಾಕಿಂಗ್ 160. ಒಟ್ಟು 320 ನಷ್ಟ. ಒಂಬತ್ತರಲ್ಲಿ ದುಡಿದ 540ರಿಂದ ಇದನ್ನು ಕಳೆದರೆ ಕೈಗೆ ಬರೋದು 220. ಹತ್ತರಲ್ಲಿ ಒಂದು ವಾಪಸ್ ಬಂದರೆ ಲಾಭದ ಮೂರರಲ್ಲಿ ಎರಡು ಭಾಗಕ್ಕೆ ಹತ್ತಿರ ಹತ್ತಿರ ಕೊಚ್ಚಿಹೋಯಿತು.

ಅದಕ್ಕೇ ಕಡಿಮೆ ಬಂಡವಾಳದವರು ಮೊದಲೇ ದುಡ್ಡು ಪಡೆದು ಕಳಿಸೋದು ಒಳ್ಳೇದು. ಗುರುತಿನವರಿಂದ ಗುರುತಿನವರಿಗೆ ಹೋಗುವ ವಾಟ್ಸ್‌ಆ್ಯಪ್ ವ್ಯಾಪಾರದಲ್ಲಿ ಇದು ನಡೆಯುತ್ತೆ, ಗುರುತಿಲ್ಲದ ಆ್ಯಪ್‌ನಲ್ಲಿ ನಡೆಯೋದು ಕಷ್ಟ. 'ಸೊನ್ನೆ ಕಮಿಷನ್' ಅನ್ನೋ ಜಾಹೀರಾತನ್ನೂ ಪೂರ್ತಿ ಓದಬೇಕು. ಮೀಶೋ ಕಮಿಷನ್ ತೆಗೆದು ವರ್ಷಗಳಾದವು. ಅಮೆಜಾನ್ 2025ರ ಏಪ್ರಿಲ್‌ನಿಂದ 300 ರೂಪಾಯಿಗಿಂತ ಕಡಿಮೆ ಬೆಲೆಯ ಬಹಳಷ್ಟು ಸಾಮಾನುಗಳಿಗೆ ರೆಫರಲ್ ಶುಲ್ಕ ಬಿಟ್ಟಿದೆ. ಕಮಿಷನ್ ಹೋದ ಮಾತ್ರಕ್ಕೆ ಸಾಗಣೆ ಖರ್ಚು, ವಾಪಸ್ ಬಂದ ಮಾಲಿನ ಖರ್ಚು ಹೋಗೋದಿಲ್ಲ.

ತೂಕದಲ್ಲೂ ಒಂದು ಗುಟ್ಟಿದೆ. ಹಪ್ಪಳ ಹಗುರ, ಕಳಿಸೋದು ಅಗ್ಗ ಅಂತ ಎಲ್ಲರ ಎಣಿಕೆ. ಕೊರಿಯರ್‌ನವರು ತಕ್ಕಡಿ ತೂಕ ಮಾತ್ರ ನೋಡೋದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 5,000ದಿಂದ ಭಾಗಿಸಿ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು ತಗೋತಾರೆ. 30 ಉದ್ದ, 30 ಅಗಲ, 15 ಎತ್ತರದ ಪೆಟ್ಟಿಗೆಯಲ್ಲಿ ಒಂದು ಕೆಜಿ ಹಪ್ಪಳ ಇಟ್ಟರೆ ಬಿಲ್ ಆಗೋದು 2.7 ಕೆಜಿಗೆ. ಅದೇ ಹಪ್ಪಳ 25, 25, 10ರ ಪೆಟ್ಟಿಗೆಯಲ್ಲಿ ಹಿಡಿಸಿದರೆ 1.25 ಕೆಜಿ. ಸರಿಯಾದ ಅಳತೆಯ ರಟ್ಟಿನ ಪೆಟ್ಟಿಗೆ ಹುಡುಕಿದವರು ಗೆದ್ದರು. ಉಪ್ಪುನೀರಿನಲ್ಲಿ ಮುಳುಗಿಸಿದ ಮಿಡಿಯದ್ದು ಉಲ್ಟಾ ಸಮಸ್ಯೆ: ಗಿರಾಕಿಗೆ ಬೇಕಾಗಿರೋದು ಮಿಡಿ, ಕೊರಿಯರ್ ಚಾರ್ಜು ಉಪ್ಪುನೀರಿಗೂ ಸೇರಿ. ಗಾಜಿನ ಬಾಟಲಿಯ ಮಾತಂತೂ ಬೇಡ.

ಅಂಚೆ ಇಲಾಖೆ 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ವಿಲೀನ ಮಾಡಿದೆ. ಹಳ್ಳಿಯ ಗಿರಾಕಿಗೆ ಇಂದಿಗೂ ಅಂಚೆಯಷ್ಟು ದೂರ ಯಾವ ಕೊರಿಯರ್ರೂ ಮುಟ್ಟೋದಿಲ್ಲ. ಕಳಿಸೋ ಕಡೆಯೂ ಪರಿಸ್ಥಿತಿ ಬದಲಾಗಿದೆ. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆ ಆದ ಮೇಲೆ ತುಮರಿ ಕಡೆಯವರು ಪಾರ್ಸೆಲ್ ಹಿಡಿದು ಲಾಂಚ್ ಕಾಯೋದು ತಪ್ಪಿದೆ. ಹಿನ್ನೀರಿನ ಆಚೆಯ ಮನೆಗಳಿಗೆ ಇಂಥ ವ್ಯಾಪಾರ ಮೊದಲು ಊಹೆಗೂ ಮೀರಿದ್ದಾಗಿತ್ತು.

ಇನ್ನೊಂದು ಕಡೆಯೂ ಮೋಸ ಹೋಗೋದುಂಟು. ದುಡ್ಡು ಹಾಕಿದ ಸ್ಕ್ರೀನ್‌ಶಾಟ್ ನಕಲಿ ಇರಬಹುದು, ಖಾತೆ ನೋಡದೆ ಪಾರ್ಸೆಲ್ ಕಟ್ಟಬಾರದು. 'ಸೇನೆಯಲ್ಲಿದ್ದೇನೆ, ಐವತ್ತು ಡಬ್ಬಿ ಬೇಕು, ಈ ಕ್ಯೂಆರ್ ಸ್ಕ್ಯಾನ್ ಮಾಡಿ, ನಿಮಗೆ ಹಣ ಬರುತ್ತೆ' ಅನ್ನೋ ಫೋನು ಹಳೇ ಆಟ. ಹಣ ಪಡೆಯೋಕೆ ಪಿನ್ ಒತ್ತೋ ಅಗತ್ಯ ಎಂದೂ ಬರೋದಿಲ್ಲ. ಕಳೆದುಕೊಂಡರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು.

ಅಂಗಡಿಯವರ ಪಾಲೆಷ್ಟು?

'ಆನ್‌ಲೈನ್ ಬಂದು ನಮ್ಮ ವ್ಯಾಪಾರ ಮುಗೀತು' ಅನ್ನೋದು ಪೇಟೆ ಅಂಗಡಿಗಳ ಮಾತು. ಮೊಬೈಲು, ಬಟ್ಟೆ, ಚಪ್ಪಲಿ ಅಂಗಡಿಯವರ ಮಟ್ಟಿಗೆ ಅದು ಸುಳ್ಳಲ್ಲ. ಆದರೆ ಮನೆಯಲ್ಲಿ ತಯಾರಾದ ಸಾಮಾನಿನ ವಿಷಯದಲ್ಲಿ ಅಂಗಡಿಯವರ ಕೈಯಲ್ಲೇ ಬೀಗದ ಕೈ ಇದೆ ಅನ್ನೋದು ಯಾಕೋ ಯಾರ ಗಮನಕ್ಕೂ ಬಂದಂತಿಲ್ಲ.

ಮನೆಯವರಿಗೆ ಇಲ್ಲದ ಜಿಎಸ್‌ಟಿ ನಂಬರ್ ಅಂಗಡಿಗೆ ಈಗಾಗಲೇ ಇರುತ್ತೆ. ಆಡಿಟರ್ ಇದ್ದಾರೆ, ರಿಟರ್ನ್ಸ್ ಹೇಗೂ ಹೋಗ್ತಾ ಇದೆ. ಅಂಗಡಿಯವರು ಸುತ್ತಲಿನ ಐದಾರು ಮನೆಗಳಿಂದ ಸಗಟು ದರಕ್ಕೆ ಉಪ್ಪಿನಕಾಯಿ ಕೊಂಡು, ತಮ್ಮ ಬಿಲ್ಲಿನಲ್ಲಿ ಮುಂಬೈಗೋ ಹೈದರಾಬಾದ್‌ಗೋ ಕಳಿಸಿದರೆ ಕಾನೂನಿನ ತೊಡಕಿಲ್ಲ. ಮನೆಯವರು ಮಾರಿದ್ದು ಸಾಗರದ ಅಂಗಡಿಗೆ, ಅದು ರಾಜ್ಯದೊಳಗಿನ ಮಾರಾಟ, ಮಿತಿಯೊಳಗಿದ್ದರೆ ಅವರಿಗೆ ನೋಂದಣಿ ಬೇಕಿಲ್ಲ. ಗಡಿ ದಾಟಿಸಿದ್ದು ಅಂಗಡಿ, ತೆರಿಗೆ ಕಟ್ಟೋದೂ ಅಂಗಡಿ. ಆದರೆ ಕಾಂಪೊಸಿಷನ್ ಸ್ಕೀಮ್‌ನಲ್ಲಿರುವ ಅಂಗಡಿಗಳು ಹೊರರಾಜ್ಯಕ್ಕೆ ಮಾರೋ ಹಾಗಿಲ್ಲ, ಸಾಮಾನ್ಯ ನೋಂದಣಿ ಇರುವವರೇ ಆಗಬೇಕು. ನಮ್ಮ ಕಡೆ ಸಣ್ಣ ಅಂಗಡಿಗಳು ಕಾಂಪೊಸಿಷನ್ ಹಿಡಿಯೋದು ಸಾಮಾನ್ಯ, ಆದ್ದರಿಂದ ಮೊದಲೇ ಕೇಳಿಕೊಳ್ಳಬೇಕು.

ಇದರಲ್ಲಿ ಮನೆಯವರಿಗೆ ಒಂದು ಡಬ್ಬಿಗೆ ಸಿಗೋ ಹಣ ಕಡಿಮೆ ಆಗುತ್ತೆ, ನಿಜ. ಬದಲಿಗೆ ವಾಪಸ್ ಬರೋ ಪಾರ್ಸೆಲ್ಲಿನ ನಷ್ಟ ಅವರ ತಲೆ ಮೇಲಿಲ್ಲ. ಮಿಡಿ ಸಿಗೋದು ವರ್ಷದಲ್ಲಿ ಒಂದೆರಡು ತಿಂಗಳು, ಅಷ್ಟರಲ್ಲಿ ಕೊಂಡು ಹಾಕಿದ ದುಡ್ಡು ವರ್ಷಪೂರ್ತಿ ಭರಣಿಯಲ್ಲೇ ಕೂತಿರುತ್ತೆ. ಅಂಗಡಿಯವರು ಸ್ವಲ್ಪ ಮುಂಗಡ ಕೊಟ್ಟರೆ ಇಪ್ಪತ್ತು ಸಾವಿರದ ಬಂಡವಾಳಕ್ಕೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಕೊಟ್ಟ ಮುಂಗಡಕ್ಕೆ ದರ ಕುಗ್ಗಿಸಿ ಹಿಂಡೋ ಅಂಗಡಿಯವರೂ ಸಿಗಬಹುದು. ಅದಕ್ಕೇ ಅರ್ಧ ಮಾಲನ್ನು ಅಂಗಡಿಗೆ, ಅರ್ಧವನ್ನು ರಾಜ್ಯದೊಳಗಿನ ಸ್ವಂತ ಗಿರಾಕಿಗಳಿಗೆ ಇಟ್ಟುಕೊಳ್ಳೋದು ಜಾಣತನ.

ವ್ಯಾಪಾರ ಹಿಡಿದ ಮೇಲೆ ಯಂತ್ರ ಬೇಕಾದರೆ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗೆ ಪಿಎಂಎಫ್‌ಎಂಇ ಯೋಜನೆ ಇದೆ. ಯೋಜನೆಯ ಶೇ 35ರ ಜೊತೆ ರಾಜ್ಯದ ಶೇ 15 ಸೇರಿ ಅರ್ಧದಷ್ಟು ಸಹಾಯಧನ ಸಿಗುವ, ಬ್ಯಾಂಕ್ ಸಾಲಕ್ಕೆ ಜೋಡಿಸಿದ ಯೋಜನೆ ಅದು. ಸಬ್ಸಿಡಿ ಇದೆ ಅಂತ ಮೊದಲೇ ಸಾಲ ಎತ್ತಿ ಯಂತ್ರ ತಂದು, ಗಿರಾಕಿಗಳನ್ನು ಆಮೇಲೆ ಹುಡುಕೋದು ಮಾತ್ರ ಬೇಡ.

ಸದ್ಯಕ್ಕೆ ಆಗಬೇಕಾದ್ದು ಸಣ್ಣ ಕೆಲಸಗಳೇ. ಮಿಡಿ ಬರೋ ಮೊದಲು ಎಫ್‌ಎಸ್‌ಎಸ್‌ಎಐ ನಂಬರ್ ಕೈಗೆ ಬರಬೇಕು. ಲೇಬಲ್ ಅಚ್ಚು ಹಾಕಿಸೋವಾಗ ತಯಾರಕರ ಹೆಸರು-ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು-ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರು ಹೇಳಲು ಫೋನ್ ನಂಬರ್ ಬಿಟ್ಟುಹೋಗಬಾರದು. ಸಾವಿರಗಟ್ಟಲೆ ಲೇಬಲ್ ಒಟ್ಟಿಗೆ ಮಾಡಿಸೋದೂ ಬೇಡ, ಮೊದಲ ವರ್ಷ ದರ ಎರಡು ಸಲವಾದರೂ ಬದಲಾಗುತ್ತೆ. ಒಂದು ಖಾಲಿ ಪೆಟ್ಟಿಗೆಗೆ ನೀರು ತುಂಬಿದ ಡಬ್ಬಿ ಇಟ್ಟು ಬೆಂಗಳೂರಿನ ನೆಂಟರಿಗೆ ಈಗಲೇ ಕಳಿಸಿ ನೋಡಬಹುದು. ಸೋರದೆ ಮುಟ್ಟಿತಾ, ಎಷ್ಟು ದಿನ ಆಯ್ತು, ಕೌಂಟರಿನಲ್ಲಿ ಎಷ್ಟು ತಗೊಂಡರು ಅಂತ ಬರೆದಿಟ್ಟುಕೊಂಡರೆ ಡಬ್ಬಿಯ ದರ ಕಟ್ಟೋಕೆ ಅದೇ ಲೆಕ್ಕ ಬೇಕಾಗುತ್ತೆ.